ಕಾಲು ಎತ್ತಿದ್ದು ನಿಜವೆಂದು ಹೇಳಲು ಅನುಮತಿ ಕೋರಿ

ಇಂದ,
‘ಸಿಡಿಲ ಪಾದ’ ಚಲನಚಿತ್ರದ ಮೂಲ ಪಾದಗಳ ಮಾಲೀಕ,
(ಮಾಜಿ ವೇಗನಡಿಗೆ ಸ್ಪರ್ಧಿ, ಹಾಲಿ ವಿಮಾ ಕಚೇರಿಯ ರವಾನೆ ವಿಭಾಗದ ಗುಮಾಸ್ತ)
ಎರಡನೇ ಮಹಡಿ, ನೀರಿನ ಟ್ಯಾಂಕಿನ ಎದುರು.

ಗೆ,
ಮಾನ್ಯ ನಿರ್ಮಾಪಕರು,
‘ಸಿಡಿಲ ಪಾದ’ ಚಲನಚಿತ್ರ,
ಲಿಫ್ಟ್ ಕೆಟ್ಟಿರುವ ಕಟ್ಟಡದ ಕೊನೆಯ ಮಹಡಿ.

ವಿಷಯ: ಐವತ್ತನೇ ದಿನದ ಸಮಾರಂಭದಲ್ಲಿ ನನ್ನ ಕೈಯಿಂದ ಮಾಡಿಸಲು ಉದ್ದೇಶಿಸಿರುವ ಕಪಾಳಮೋಕ್ಷವನ್ನು ರದ್ದುಪಡಿಸಿ, ಬದಲಿಗೆ ಒಂದು ವಾಕ್ಯ ಮಾತಾಡಲು ಅವಕಾಶ ಕೋರಿ.

ಉಲ್ಲೇಖ:
೧. ತಮ್ಮ ಆಹ್ವಾನ ಪತ್ರಿಕೆ, ಊಟಕ್ಕೆ ಮುಂಚಿನ ಕಾರ್ಯಕ್ರಮ.
೨. ಇದೇ ವಿಚಾರವಾಗಿ ನಾನು ಹಿಂದೆ ಸಲ್ಲಿಸಿದ ಅರ್ಜಿ (ಉತ್ತರ ಬಂದಿಲ್ಲ).
೩. ತಮ್ಮ ಪ್ರೊಡಕ್ಷನ್ ಮ್ಯಾನೇಜರ್ ಚಿತ್ರಮಂದಿರದ ಮೆಟ್ಟಿಲ ಮೇಲೆ ಕೊಟ್ಟ ಮೌಖಿಕ ಉತ್ತರ (ಬಂದಿದೆ, ಬಾರದಿದ್ದರೇ ಚೆನ್ನಾಗಿತ್ತು).

ಮಾನ್ಯರೇ,

ತಮ್ಮ ಚಿತ್ರವು ಐವತ್ತನೇ ದಿನದತ್ತ ಭರ್ಜರಿಯಾಗಿ ಮುನ್ನುಗ್ಗುತ್ತಿರುವುದಕ್ಕೆ ಮೊದಲಿಗೆ ಅಭಿನಂದನೆಗಳು. ಸದರಿ ಅಭಿನಂದನೆಯನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ ಎಂಬುದನ್ನೂ ದಯವಿಟ್ಟು ದಾಖಲಿಸಿಕೊಳ್ಳಬೇಕು. ಏಕೆಂದರೆ ಈ ಅರ್ಜಿಯಲ್ಲಿ ಒಂದೇ ಒಂದು ಸುಳ್ಳೂ ಇರಕೂಡದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಕಾರಣಗಳು ಈ ಕೆಳಕಂಡಂತಿವೆ:

೧. ನಾನು ಓಡುವವನಲ್ಲ, ನಡೆಯುವವನು. ವೇಗನಡಿಗೆ ಎಂಬ ಸ್ಪರ್ಧೆಯಲ್ಲಿ ಎಷ್ಟು ಜೋರಾಗಿ ಬೇಕಾದರೂ ನಡೆಯಬಹುದು, ಓಡುವಂತಿಲ್ಲ. ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರಬೇಕು. ಎರಡೂ ಪಾದ ನೆಲ ಬಿಟ್ಟಿದ್ದು ತೀರ್ಪುಗಾರರ ಬರಿಗಣ್ಣಿಗೆ ಕಂಡರೆ ಒಂದು ಕೆಂಪು ಚೀಟಿ. ಮೂವರು ತೀರ್ಪುಗಾರರು ಹೀಗೆ ಒಂದೊಂದು ಚೀಟಿ ಬರೆದರೆ ಸ್ಪರ್ಧಿ ಮನೆಗೆ. ನನಗೆ ಸಂಬಂಧಿಸಿದ ಕಾನೂನು ಇಷ್ಟೇ. ಇದರಲ್ಲಿ ಅರ್ಥವಾಗದ್ದು ಏನಿದೆ ಎಂದು ತಮ್ಮ ನಿರ್ದೇಶಕರನ್ನು ನಾನು ಹಲವು ಬಾರಿ ಕೇಳಿದ್ದೇನೆ.

೨. ರಾಷ್ಟ್ರಮಟ್ಟದ ಸ್ಪರ್ಧೆಯೊಂದರಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಕೊನೆಯ ಸುತ್ತು, ಹಿಂದಿನವನ ಏದುಸಿರು ಕಿವಿಗೆ ಬೀಳುತ್ತಿತ್ತು. ಆತುರಕ್ಕೆ ನನ್ನ ಎರಡೂ ಪಾದ ನೆಲ ಬಿಟ್ಟವು. ತಿರುವಿನಲ್ಲಿ ಬಿಳಿ ಟೋಪಿ ಹಾಕಿ ನಿಂತಿದ್ದ ತರುಣ ತೀರ್ಪುಗಾರ್ತಿಯೊಬ್ಬಳು ಅದನ್ನು ಕಂಡು ಚೀಟಿ ಬರೆದಳು. ಅದು ಮೂರನೆಯದು. ನನ್ನನ್ನು ಪಕ್ಕಕ್ಕೆ ನಿಲ್ಲಿಸಲಾಯಿತು. (ಇಲ್ಲಿ ಮೊದಲು ‘ಪಾದಗಳು ತುಸು ನೆಲ ಬಿಟ್ಟಿರಬಹುದು’ ಎಂದು ಬರೆದಿದ್ದೆ. ಕರಡು ಓದಿದ ನನ್ನ ಹೆಂಡತಿ ‘ತುಸು’ ಮತ್ತು ‘ಇರಬಹುದು’ ಎರಡನ್ನೂ ಹೊಡೆದುಹಾಕಿದ್ದಾಳೆ. ಸದರಿ ಹೆಂಡತಿಯೇ ಸದರಿ ತೀರ್ಪುಗಾರ್ತಿ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.)

೩. ಅದು ಹೇಗೆ ಎಂದರೆ: ಅಂದು ಎಲ್ಲರೂ ನನ್ನನ್ನು ಸುತ್ತುವರಿದು ಸಮಾಧಾನ ಹೇಳಿದರು. ಅನ್ಯಾಯ ಎಂದರು, ಒಳಗೇನೋ ಕೈವಾಡ ಎಂದರು. ನಾನು ಅವರನ್ನು ಬಿಟ್ಟು ಸೀದಾ ಆಕೆಯ ಬಳಿ ಹೋದೆ.

“ಮೇಡಂ, ನಿಜವಾಗ್ಲೂ ಎರಡೂ ಕಾಲು ಎತ್ತಿದ್ನಾ?”

“ಎತ್ತಿದ್ರಿ.”

“ಖಾತ್ರಿನಾ?”

“ನಿಮಗೇ ಗೊತ್ತಲ್ಲ, ಮತ್ತೆ ನನ್ನ ಯಾಕೆ ಕೇಳ್ತೀರ?”

ಆ ಮೈದಾನದಲ್ಲಿ ಅಂದು ನನಗೆ ಸುಳ್ಳು ಹೇಳದವಳು ಆಕೆಯೊಬ್ಬಳೇ. ಆದ್ದರಿಂದ ನನ್ನ ಅಭ್ಯಾಸ ನೋಡಲು ಬರುವಿರಾ ಎಂದು ಕೇಳಿಕೊಂಡೆ. ರಜೆಯ ದಿನಗಳಲ್ಲಿ ಬಂದು ಮೈದಾನದ ಮೂಲೆಯಲ್ಲಿ ನಿಂತು “ಎತ್ತಿದ್ರಿ! ಮತ್ತೆ ಎತ್ತಿದ್ರಿ!” ಎಂದು ಕೂಗುತ್ತಿದ್ದಳು. ಮರುವರ್ಷ ಒಂದೂ ಕೆಂಪು ಚೀಟಿ ಇಲ್ಲದೆ ಮೂರನೇ ಸ್ಥಾನ ಪಡೆದೆ. ತದನಂತರ ಉಭಯತ್ರರ ಒಪ್ಪಿಗೆಯ ಮೇರೆಗೆ ಮದುವೆಯಾಯಿತು. ಈ ಭಾಗವನ್ನು ತಮ್ಮ ಚಿತ್ರದಲ್ಲಿ ಹಾಡಿಗೆ ಜಾಗ ಸಾಲದೆ ಕೈಬಿಡಲಾಗಿದೆ.

೪. ತಮ್ಮ ನಿರ್ದೇಶಕರು ಕಥೆ ಕೇಳಲು ನಮ್ಮ ಮನೆಗೆ ಬಂದಾಗ ಇದೆಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಮೂರನೇ ಚೀಟಿಯ ಭಾಗ ಬರೆದುಕೊಳ್ಳುತ್ತ ಅವರು, “ಆ ಜಡ್ಜ್ ಈಗ ಎಲ್ಲಿದಾನೆ ಸಾರ್?” ಎಂದು ಕೇಳಿದರು. ಅಷ್ಟರಲ್ಲಿ ಹೆಂಡತಿ ಚಹಾ ತಂದು ಕೊಡುತ್ತ “ನಾನೇ” ಎಂದಳು. ನಿರ್ದೇಶಕರು ಚಹಾ ಚೆಲ್ಲುವಷ್ಟು ನಕ್ಕು, “ಅಕ್ಕಾ, ನೀವು ತಮಾಷೆ ಚೆನ್ನಾಗಿ ಮಾಡ್ತೀರ” ಎಂದರು. ತಮಾಷೆಯಲ್ಲ ಎಂದು ಮನವರಿಕೆ ಮಾಡಿಕೊಟ್ಟ ಮೇಲೆ ಅವರ ಮುಖ ಸಪ್ಪಗಾಯಿತು.

“ಹೆಂಡ್ತೀನೇ ವಿಲನ್ ಅಂದ್ರೆ ಫ್ಯಾಮಿಲಿ ಆಡಿಯನ್ಸ್ ಬರಲ್ಲ ಸಾರ್.”

“ಅವಳು ವಿಲನ್ ಅಲ್ಲಪ್ಪ. ತೀರ್ಪು ಸರಿಯಾಗಿತ್ತು.”

“ತೀರ್ಪು ಸರಿ ಅಂದ್ಮೇಲೆ ಸಿನಿಮಾ ಎಲ್ಲಿಂದ ಬರುತ್ತೆ?”

ಅವರು ಪುಸ್ತಕ ಮುಚ್ಚಿದರು. ಇಷ್ಟು ಹೇಳಿದ ಮೇಲೆ ಸಿನಿಮಾ ಬರುವುದಿಲ್ಲವೆಂದು ನಾವಿಬ್ಬರೂ ನಂಬಿಕೊಂಡು ನಿಶ್ಚಿಂತರಾಗಿದ್ದೆವು. ಬಂದೇಬಿಟ್ಟಿತು.

೫. ಮೊದಲ ದಿನ ಹೊಸ ಬಟ್ಟೆ ಹಾಕಿಕೊಂಡು ಇಬ್ಬರೂ ಹೋದೆವು. ‘ನಿಜ ಘಟನೆ ಆಧಾರಿತ’ ಎಂದು ದಪ್ಪಕ್ಷರದಲ್ಲಿ ಬಂತು. ನಾಯಕ ಮೊದಲ ದೃಶ್ಯದಿಂದಲೇ ಓಡಲು ಶುರುಮಾಡಿದ. ನನ್ನ ಇಡೀ ಬಾಳು ಓಡದೆ ಇರುವುದರಲ್ಲಿ ಸವೆದಿದೆ, ಸ್ವಾಮಿ. ಅದೂ ಹೋಗಲಿ. ತೀರ್ಪುಗಾರನ ಪಾತ್ರ ಬಂತು. ಗಿರಿಜಾ ಮೀಸೆ, ಕೊರಳಲ್ಲಿ ಹಗ್ಗದಷ್ಟು ದಪ್ಪದ ಚೈನು, ಕಕ್ಕಸಿನ ಗೋಡೆಯ ಹಿಂದೆ ಲಂಚದ ಲಕೋಟೆ. ಹೆಂಡತಿ ನನ್ನ ಕಿವಿಯಲ್ಲಿ, “ನನಗೆ ಮೀಸೆ ಅಂಟಿಸಿದಾರಲ್ರೀ” ಎಂದಳು. ನಾವಿಬ್ಬರೂ ನಕ್ಕೆವು. ಕೊನೆಗೆ ನಾಯಕ ಅವನ ಕಪಾಳಕ್ಕೆ ಫಟಾರನೆ ಬಾರಿಸಿ, ಓಡಿಹೋಗಿ ಚಿನ್ನ ಗೆದ್ದ. ಆಗ ಅವಳು ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಅವಳ ಭುಜ ತಟ್ಟಿ, “ಮೇಡಂ, ಚಪ್ಪಾಳೆ ಹೊಡೀರಿ, ನಿಮ್ಮ ಯಜಮಾನ್ರ ಸಿನಿಮಾ!” ಎಂದರು. ಹೊಡೆದಳು.

೬. ಮೊದಲ ವಾರ ಚಿತ್ರ ನೆಲಕಚ್ಚಿತು. ಚಿತ್ರಮಂದಿರದಲ್ಲಿ ತಿರುಗುವ ಫ್ಯಾನುಗಳೇ ಹೆಚ್ಚು, ಜನ ಕಡಿಮೆ. ತಮ್ಮ ಬಂಡವಾಳದ ಬಗ್ಗೆ ಕನಿಕರವಿದ್ದರೂ ನಾನು ಒಳಗೊಳಗೇ ಖುಷಿಪಟ್ಟೆನೆಂದು ಒಪ್ಪಿಕೊಳ್ಳುತ್ತೇನೆ. ಇನ್ನೆರಡು ದಿನದಲ್ಲಿ ಎತ್ತಂಗಡಿ ಎಂದು ಚಿತ್ರಮಂದಿರದವರೇ ಹೇಳಿದ್ದರು. ಆಗ ಯಾರೋ ಪುಣ್ಯಾತ್ಮರು ಕಪಾಳದ ದೃಶ್ಯವೊಂದನ್ನೇ ಮೊಬೈಲಿಗೆ ಬಿಟ್ಟರು. ಅದು ಮನೆಮನೆಗೂ ಹೋಯಿತು. ಸಂಬಳ ಹಿಡಿದ ಮೇಲಧಿಕಾರಿ, ಸೈಟು ನುಂಗಿದ ದಾಯಾದಿ, ಮಾರ್ಕು ಕೊಡದ ಮೇಷ್ಟರು, ಯಾರ್ಯಾರ ಮೇಲೆ ಯಾರ್ಯಾರಿಗೆ ಸಿಟ್ಟಿತ್ತೋ ಅವರೆಲ್ಲ ಟಿಕೆಟ್ ತೆಗೆದುಕೊಂಡು ಬಂದು ಆ ಒಂದು ಏಟು ನೋಡಿ ಹಗುರಾಗಿ ಮನೆಗೆ ಹೋದರು. ‘ಹೌಸ್‌ಫುಲ್’ ಬೋರ್ಡು ಗೇಟಿಗೆ ಬಂತು. ನಮ್ಮ ಕಚೇರಿಯಲ್ಲೂ ಸಹೋದ್ಯೋಗಿಗಳು “ಅಣ್ಣಾ, ನಮ್ಮ ಮ್ಯಾನೇಜರಿಗೂ ಒಂದು ಬಿಡಿ” ಎನ್ನುತ್ತಿದ್ದಾರೆ. ಮ್ಯಾನೇಜರ್ ನನ್ನ ರಜೆಯ ಚೀಟಿಗಳನ್ನು ಓದದೆಯೇ ಸಹಿ ಮಾಡುತ್ತಿದ್ದಾರೆ. ಚಿತ್ರದಿಂದ ನನಗಾದ ಅನುಕೂಲ ಇದೊಂದೇ.

೭. ನನ್ನ ಹೆಂಡತಿಗೆ ಆದದ್ದು ಬೇರೆ. ಆಕೆ ಮದುವೆಯ ನಂತರವೂ ತೀರ್ಪುಗಾರ್ತಿಯಾಗಿ ಮುಂದುವರಿದಿದ್ದಳು. ಹೋದ ತಿಂಗಳು ಶಾಲಾ ಮಕ್ಕಳ ವೇಗನಡಿಗೆಯಲ್ಲಿ ಒಬ್ಬ ಹುಡುಗಿಗೆ ಎಚ್ಚರಿಕೆಯ ಹಳದಿ ಹಲಗೆ ತೋರಿಸಿದಳು. ಬೇಲಿಯ ಆಚೆಯಿಂದ ಯಾರದೋ ತಂದೆ “ಎಷ್ಟು ತಗೊಂಡ್ರಿ ಮೇಡಂ?” ಎಂದು ಕೂಗಿದರು. ಇನ್ನೊಬ್ಬರು “ಸಿನಿಮಾ ನೋಡಿದೀವಿ, ನಮಗೆಲ್ಲಾ ಗೊತ್ತು!” ಎಂದರು. ಮತ್ತೊಬ್ಬರು ಗಾಳಿಯಲ್ಲಿ ಕಪಾಳಕ್ಕೆ ಹೊಡೆದು ತೋರಿಸಿದರು. ಎಲ್ಲರೂ ನಕ್ಕರು. ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು:

“ಇನ್ಮೇಲೆ ಬರಲ್ಲ ಅಂತ ಬರೆದು ಕೊಟ್ಟು ಬಂದೆ.”

“ಯಾರೋ ಏನೋ ಕೂಗಿದ್ರು ಅಂತನಾ? ಬಿಡೇ, ಅವರ ಬಾಯಿಗೆ ಬೀಗ ಹಾಕಕ್ಕಾಗುತ್ತಾ?”

“ಕೂಗಿದ್ದಕ್ಕಲ್ಲ ರೀ. ಆಮೇಲೆ ಇನ್ನೊಂದು ಹುಡುಗಿ ನನ್ನ ಮುಂದೇನೇ ಕಾಲು ಎತ್ತಿದ್ಲು. ಚೆನ್ನಾಗಿ ನೋಡಿದೆ. ಚೀಟಿ ಬರೆಯಕ್ಕೆ ಕೈ ಬರಲಿಲ್ಲ.”

ಆಮೇಲೆ ಗೋಡೆ ನೋಡುತ್ತ ಹೇಳಿದಳು: “ಕಣ್ಣಿಗೆ ಕಂಡಿದ್ದನ್ನ ಹೇಳಕ್ಕೆ ಹೆದರೋಳು ಅಲ್ಲಿ ಯಾಕೆ ನಿಂತ್ಕೋಬೇಕು?”

ಮಾನ್ಯರೇ, ನನ್ನನ್ನು ಗೆಲುವಿನ ಹೊಸ್ತಿಲಲ್ಲಿ ತಡೆದಾಗ ಹೆದರದ ಹೆಂಗಸು ಅವಳು. ಅಂಥವಳನ್ನು ತಮ್ಮ ಚಿತ್ರ ಹೆದರಿಸಿದೆ. ನನಗೆ ಇದರಿಂದ ಆಗಿರುವ ನೋವನ್ನು ಕಚೇರಿ ಭಾಷೆಯಲ್ಲಿ ಹೇಳಲು ಪದಗಳಿಲ್ಲವಾದ ಕಾರಣ ಹಾಗೇ ಹೇಳುತ್ತಿದ್ದೇನೆ: ನನಗೆ ತುಂಬಾ ನೋವಾಗಿದೆ.

೮. ಆದ ಕಾರಣ ‘ತೀರ್ಪು ಸರಿಯಾಗಿತ್ತು’ ಎಂಬ ಒಂದು ಸಾಲನ್ನು ಚಿತ್ರದ ಕೊನೆಗೆ ಹಾಕಿಸಬೇಕೆಂದು ಉಲ್ಲೇಖ ೨ರಲ್ಲಿ ಕೋರಿದ್ದೆ. ಉತ್ತರ ಬಾರದ ಕಾರಣ ತಮ್ಮ ಪ್ರೊಡಕ್ಷನ್ ಮ್ಯಾನೇಜರನ್ನು ಚಿತ್ರಮಂದಿರದ ಮೆಟ್ಟಿಲ ಮೇಲೆ ಹಿಡಿದು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈಹಾಕಿ, “ಸಾರ್, ಜನ ಬರ್ತಿರೋದೇ ಕಪಾಳಕ್ಕೆ. ಜಡ್ಜ್ ಒಳ್ಳೇವನು ಅಂತ ಹಾಕಿದ್ರೆ ಕಪಾಳ ಎಲ್ಲಿ ಉಳಿಯುತ್ತೆ? ಕಪಾಳ ಹೋದ್ರೆ ಉಳಿಯೋದು ನೀವು ನಡೆಯೋದು. ನೀವು ನಡೆಯೋದನ್ನ ದುಡ್ಡು ಕೊಟ್ಟು ಯಾರು ನೋಡ್ತಾರೆ ಹೇಳಿ?” ಎಂದರು. ವ್ಯವಹಾರದ ದೃಷ್ಟಿಯಿಂದ ಅವರ ಮಾತು ಸರಿಯೆಂದು ಒಪ್ಪುತ್ತೇನೆ.

೯. ಹೀಗಿರುವಲ್ಲಿ ಉಲ್ಲೇಖ ೧ರ ಆಹ್ವಾನ ಪತ್ರಿಕೆ ಕೈಸೇರಿತು. ಅದರಲ್ಲಿ ‘ನಿಜಜೀವನದ ನಾಯಕರನ್ನು ಅಭಿಮಾನಿಗಳು ಹೆಗಲ ಮೇಲೆ ಹೊತ್ತು ವೇದಿಕೆಗೆ ತರುವುದು, ತದನಂತರ ಸದರಿ ನಾಯಕರಿಂದ ಖಳನಟರಿಗೆ ಕಪಾಳಮೋಕ್ಷದ ಮರುಪ್ರದರ್ಶನ’ ಎಂದಿದೆ. ಖಳನಟರು ನನಗೆ ಖುದ್ದು ಫೋನ್ ಮಾಡಿದ್ದರು. ಬಹಳ ಸೌಮ್ಯ ಮನುಷ್ಯ. “ಅಣ್ಣಾ, ಸ್ವಲ್ಪ ಮೆಲ್ಲಗೆ ಹೊಡೀರಿ, ಹಲ್ಲು ಕಟ್ಟಿಸ್ಕೊಂಡಿದೀನಿ” ಎಂದು ಬೇಡಿಕೊಂಡರು. ಹಲ್ಲಿನ ವಿಚಾರ ಬೇರೆ. ಮೀಸೆ ಎಷ್ಟೇ ದಪ್ಪವಿರಲಿ, ಆ ಪಾತ್ರ ನನ್ನ ಹೆಂಡತಿಯದು. ಇಷ್ಟು ವರ್ಷಗಳ ಸಂಸಾರದಲ್ಲಿ ನಾನು ಆಕೆಯ ಮೇಲೆ ಕೈ ಎತ್ತಿದವನಲ್ಲ. ಈಗ ಸಾರ್ವಜನಿಕವಾಗಿ, ಸಂಗೀತದ ಸಮೇತ ಎತ್ತಬೇಕೆಂದರೆ ಹೇಗೆ?

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ,

(ಅ) ಸದರಿ ಕಪಾಳಮೋಕ್ಷವನ್ನು ಕಾರ್ಯಕ್ರಮದಿಂದ ಕೈಬಿಡಬೇಕಾಗಿಯೂ,

(ಆ) ಬದಲಿಗೆ, “ಅವತ್ತು ನಾನು ಕಾಲು ಎತ್ತಿದ್ದೆ, ತೀರ್ಪು ಸರಿಯಾಗಿತ್ತು, ಅದನ್ನು ಕೊಟ್ಟವಳು ನನ್ನ ಹೆಂಡತಿ” ಎಂಬ ಒಂದೇ ವಾಕ್ಯವನ್ನು ಹೇಳಲು ನನಗೆ ಅವಕಾಶ ನೀಡಬೇಕಾಗಿಯೂ, ಅದು ಮುಗಿಯುವವರೆಗೆ ಮೈಕ್ ಬಂದ್ ಮಾಡುವುದಾಗಲಿ, ಹಿನ್ನೆಲೆ ಸಂಗೀತ ಏರಿಸುವುದಾಗಲಿ, ಬಣ್ಣದ ಕಾಗದ ಹಾರಿಸುವುದಾಗಲಿ ಮಾಡಬಾರದಾಗಿಯೂ,

(ಇ) ಅಭಿಮಾನಿಗಳು ನನ್ನನ್ನು ಹೆಗಲ ಮೇಲೆ ಹೊತ್ತು ತರಕೂಡದಾಗಿಯೂ (ಎರಡೂ ಪಾದ ನೆಲ ಬಿಡುತ್ತವೆ)

ಕೋರುತ್ತೇನೆ. ಇದರಿಂದ ಐವತ್ತೊಂದನೇ ದಿನದ ಕಲೆಕ್ಷನ್ ಕುಸಿಯಬಹುದೆಂದು ಬಲ್ಲೆ. ಅದಕ್ಕೆ ವಿಷಾದವಿದೆ. ಆದರೆ ಐವತ್ತು ದಿನ ತಾವು ಹೇಳಿದ್ದನ್ನು ಊರೆಲ್ಲ ಕೇಳಿದೆ. ಒಂದು ವಾಕ್ಯ ನಾವು ಹೇಳುತ್ತೇವೆ.

ಇಷ್ಟಾದರೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
(ಸಹಿ)
ಮೂಲ ಪಾದಗಳ ಮಾಲೀಕ

ಅಡಕಗಳು:
೧. ಮೂರನೇ ಸ್ಥಾನದ ಪದಕದ ಛಾಯಾಚಿತ್ರ (ಕಂಚು, ದಯವಿಟ್ಟು ಬಣ್ಣ ಬದಲಾಯಿಸಬಾರದು).
೨. ಅಂದಿನ ಫಲಿತಾಂಶದ ನಕಲು, ನನ್ನ ಹೆಸರಿನ ಮುಂದೆ ‘ಅನರ್ಹ’ ಎಂದಿರುವುದು.
೩. ಏಟು ತಿನ್ನದಿರುವುದಕ್ಕೆ ಅಭ್ಯಂತರವೇನೂ ಇಲ್ಲವೆಂದು ಖಳನಟರು ಸಂತೋಷದಿಂದ ಬರೆದುಕೊಟ್ಟ ಪತ್ರ.

ವಿಶೇಷ ಸೂಚನೆ: ಸಮಾರಂಭಕ್ಕೆ ಬರಲಾರೆನೆಂದು ನನ್ನ ಹೆಂಡತಿ ಇಂದು ಬೆಳಗಿನವರೆಗೂ ಹಟ ಹಿಡಿದಿದ್ದಳು. ಈ ಅರ್ಜಿಯ ಕರಡು ಓದಿ ಮುಗಿಸಿ, “ವೇದಿಕೆಗೆ ಹೇಗೆ ಹೋಗ್ತೀರ?” ಎಂದು ಕೇಳಿದಳು. “ನಡ್ಕೊಂಡು” ಎಂದೆ. “ಜೋರಾಗಾ?” ಎಂದಳು. “ಜನ ಮುತ್ಕೊಳ್ತಾರೆ, ಜೋರಾಗೇ ಹೋಗ್ಬೇಕು” ಎಂದೆ. “ಹಾಗಾದ್ರೆ ಯಾರಾದ್ರೂ ನೋಡ್ತಿರಬೇಕಲ್ಲ” ಎಂದಳು. ಆದ ಕಾರಣ ಆಕೆ ಬರುತ್ತಾಳೆ. ಗಣ್ಯರ ಸಾಲಿನ ಸೋಫಾ ಬೇಡವಂತೆ. ನಾನು ನಡೆದು ಬರುವ ದಾರಿಯ ಪಕ್ಕ, ನನ್ನ ಪಾದ ಚೆನ್ನಾಗಿ ಕಾಣುವ ಕಡೆ ಒಂದು ಕುರ್ಚಿ ಹಾಕಿಸಬೇಕಾಗಿ ವಿನಂತಿ. ನಾನು ಕಾಲು ಎತ್ತಿದರೆ ಆಕೆ ಎದ್ದು ನಿಂತು ಹೇಳುತ್ತಾಳೆ. ಆಗ ಯಾರೂ ಸಿಳ್ಳೆ ಹೊಡೆಯದಂತೆ ನೋಡಿಕೊಳ್ಳುವುದು.