ನೀಲಿ ಹೆಚ್ಚಾದ ಕೋಟು

ಗಂಡನ ಮೇಲಿನ ಪ್ರೀತಿಗೆ ಪೊಡಿನೋನ ಅವನ ಕೋಟು ಅದ್ದುವ ನೀರಿಗೆ ಒಂದು ಹಿಡಿ ನೀಲಿ ಹೆಚ್ಚಿಗೆ ಹಾಕಿದಳು. ಗಿರಿಗೋರಿಸನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಅವನಿಗೆ ಕೋಟು ಅಂತ ಇದ್ದದ್ದು ಒಂದೇ. ರಬ್ಬರು ತೋಟದಲ್ಲಿ ಹಾಲು ತೂಗುವ ಕೆಲಸದಲ್ಲಿದ್ದಾಗ ತೋಟದ ದೊರೆ ಕೊಟ್ಟಿದ್ದ ಬಿಳಿ ಕೋಟು, ಹಿತ್ತಾಳೆ ಗುಂಡಿಯದು. ರಬ್ಬರಿನ ಬೆಲೆ ಪಾತಾಳಕ್ಕೆ ಇಳಿದು ತೋಟಕ್ಕೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ತಕ್ಕಡಿ ಹೋಗಿ ಕೋಟು ಮಾತ್ರ ಉಳಿದಿತ್ತು. ಸಾವಿರದ ಒಂಬೈನೂರ ಮೂವತ್ತೊಂದರ ಆ ವರ್ಷ ಊರಲ್ಲಿ ಖಾಲಿ ಇದ್ದ ಕೆಲಸವೆಂದರೆ ಮುದಲಿಯಾರರ ತೆಂಗಿನ ನಾರಿನ ಕಾರ್ಖಾನೆಯ ಕಾವಲುಗಾರನದು ಒಂದೇ. ಅದಕ್ಕಾಗಿ ಗಿರಿಗೋರಿಸ್ ನಾಲ್ಕು ಸಲ ವಲವ್ವೆಗೆ, ಅಂದರೆ ಮುದಲಿಯಾರರ ದೊಡ್ಡ ಮನೆಗೆ, ಹೋಗಿ ಕೈಮುಗಿದು ಬಂದಿದ್ದ.

"ಎಲೆಕ್ಷನ್ ಒಂದು ಮುಗೀಲಿ. ನಮ್ಮವರು ಯಾರು ಅಂತ ಗೊತ್ತಾಗ್ಲಿ" ಅಂದಿದ್ದರು ಮುದಲಿಯಾರರು.

ಕೊಲಂಬೊದ ಹೊಸ ಸಭೆಗೆ ಅವರೇ ನಿಂತಿದ್ದರು. ಗಂಡಸು, ಹೆಂಗಸು, ಅಕ್ಷರ ಬರುವವರು, ಬಾರದವರು, ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಸಿಂಹಳದಲ್ಲಿ ವೋಟು ಬಂದದ್ದು ಆ ವರ್ಷವೇ. ಓದು ಬಾರದವರಿಗೆ ತೊಂದರೆಯಾಗಬಾರದೆಂದು ಸರ್ಕಾರ ಅಭ್ಯರ್ಥಿಗೊಂದು ಬಣ್ಣದ ಪೆಟ್ಟಿಗೆ ಕೊಟ್ಟಿತ್ತು. ಮುದಲಿಯಾರರದು ಹಸಿರು. ಎದುರಾಳಿ ವಕೀಲ ಗಲ್ಲಗೆಯದು ನೀಲಿ. ಈ ಗಲ್ಲಗೆ ಪಕ್ಕದ ಪೇಟೆಯ ಗಾಡಿ ಹೊಡೆಯುವವನ ಮಗ. ಒಮ್ಮೆ ಊರಿಗೆ ಭಾಷಣಕ್ಕೆ ಬಂದಿದ್ದ. ಕೇಳಲು ಕೂತದ್ದು ಮೂರು ನಾಯಿ. ಸಭ್ಯ ಮನುಷ್ಯ, ನಾಯಿಗಳಿಗೇ ಅರ್ಧ ಗಂಟೆ ಮಾತಾಡಿ ಹೋಗಿದ್ದ.

ವೋಟಿನ ದಿನ ವೋಟು ಹಾಕುವ ಶಾಲೆಯ ಬಾಗಿಲಲ್ಲಿ ಮುದಲಿಯಾರರೇ ನಿಂತಿರುತ್ತಾರೆ, ಕಾವಲುಗಾರನಾಗುವವನು ಬರಿಮೈಯಲ್ಲಿ ಹೋಗಬಾರದು, ಕೋಟು ಹಾಲಿನ ಹಾಗೆ ಹೊಳೆಯಬೇಕು ಎಂದು ಪೊಡಿನೋನಳ ಆಸೆ. ಬೆಳಿಗ್ಗೆ ನೋಡಿದರೆ ಹಗ್ಗದ ಮೇಲೆ ನೀಲಿ ಕಡಲೇ ನೇತಾಡುತ್ತಿತ್ತು.

"ದೂರದಿಂದ ನೋಡಿದ್ರೆ ಬಿಳೀನೇ ಕಾಣುತ್ತೆ" ಅಂದಳು ಅವಳು, ಕಣ್ಣು ಕಿರಿದು ಮಾಡಿ.

"ಮುದಲಿಯಾರರು ದೂರದಿಂದ ನೋಡಲ್ವಲ್ಲೇ" ಅಂದ ಗಿರಿಗೋರಿಸ್. ಬೇರೆ ದಾರಿಯಿರಲಿಲ್ಲ. ಹಾಕಿಕೊಂಡು ಹೊರಟ.

ಬಾರೋಂಚಿಯ ಚಹಾ ಅಂಗಡಿ ದಾಟಿ ಹೋಗಲಾಗಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತವರು ಒಬ್ಬೊಬ್ಬರೇ ಲೋಟ ಕೆಳಗಿಟ್ಟರು. ಗಲ್ಲಗೆ ಕಡೆಯವರು ಏನು ಕೊಟ್ಟರು ಎಂದು ಒಬ್ಬ ಕೇಳಿದ. ಎಂಟು ತಿಂಗಳು ಕೆಲಸವಿಲ್ಲದವನು ಇನ್ನೇನು ಮಾಡುತ್ತಾನೆ ಎಂದು ಇನ್ನೊಬ್ಬ ಮರುಗಿದ. ಗಿರಿಗೋರಿಸ್ ನೀಲಿಯ ಕಥೆ ಹೇಳಿದಷ್ಟೂ ಅದು ಕಟ್ಟಿದ ಕಥೆಯಂತೆಯೇ ಕೇಳಿಸಿತು.

ಕೊನೆಗೆ ಬಾರೋಂಚಿಗೇ ಕನಿಕರ ಬಂತು. ಊರಿನಲ್ಲಿ ಯಾರ ಮನೆಯ ಕಷ್ಟವಾದರೂ ತನ್ನದೆಂದೇ ತಿಳಿದು ಕೈಹಾಕುವುದು, ಕೈಹಾಕಿದ್ದನ್ನು ಕೆಡಿಸುವುದು ಅವನ ಸ್ವಭಾವ.

"ನೀಲಿಗೆ ಹಳದಿ ಸೇರಿದ್ರೆ ಏನಾಗುತ್ತೆ ಹೇಳಣ್ಣ?" ಅಂದ.

ಒಳಗೆ ಅವನ ಹೆಂಡತಿ ಸಾರಿಗೆಂದು ಅರೆದಿಟ್ಟ ಅರಿಶಿನವಿತ್ತು. ಅಷ್ಟನ್ನೂ ಬಾಂಡ್ಲಿಯ ನೀರಿಗೆ ಕಲಸಿ ಕೋಟನ್ನು ಅದ್ದಿದರು, ಹಿಂಡಿದರು, ಮತ್ತೆ ಅದ್ದಿದರು. ಹೊರಗೆ ತೆಗೆದಾಗ ಕೋಟು ಬಾಳೆ ಎಲೆಯಂತೆ ಹಸಿರು. ಬೆಂಚಿನವರು ಶಭಾಷ್ ಅಂದರು. ಒದ್ದೆ ಕೋಟು ತೊಟ್ಟು, ನೀರು ಸೋರಿಸುತ್ತ, ಹೊಟ್ಟೆಯ ಮೇಲೆಲ್ಲ ಅರಿಶಿನ ಬಳಿದುಕೊಂಡು ಗಿರಿಗೋರಿಸ್ ಹೆಮ್ಮೆಯಿಂದ ನಡೆದ. ಇಂಥ ನಿಷ್ಠೆಯನ್ನು ಕಂಡ ಮೇಲೆ ಕಾವಲುಗಾರನ ದೊಣ್ಣೆ ತನ್ನ ಕೈಗೆ ಬಂದಂತೆಯೇ ಎಂದುಕೊಂಡ.

ಶಾಲೆಯ ಗೇಟಿನಲ್ಲಿ ಊರಿನ ಹೆಡ್‌ಮನ್ ಪಬಿಲಿಸ್ ಆರಚ್ಚಿ ಅವನನ್ನು ನೋಡಿ ಹೌಹಾರಿದ. ವೋಟು ಹಾಕುವ ಜಾಗದಲ್ಲಿ ಅಭ್ಯರ್ಥಿಯ ಬಣ್ಣ ತೊಟ್ಟು ಬರಬಾರದೆಂದು ಸರ್ಕಾರದ ಅಪ್ಪಣೆ ಬಾಗಿಲಿಗೇ ಅಂಟಿಸಿತ್ತು. ಅಂಟಿಸಿದವನೂ ಅವನೇ.

"ತೆಗೀ ಮೊದ್ಲು ಅದನ್ನ" ಅಂದ ಆರಚ್ಚಿ ಹಲ್ಲು ಕಚ್ಚಿ. "ಆ ಕಡೆ ಗಲ್ಲಗೆ ಏಜೆಂಟು ಕೂತಿದಾನೆ. ನೋಡಿದ್ರೆ ಕೇಸು ಹಾಕ್ತಾನೆ. ಒಂದು ಕೋಟಿಂದ ಹಾಮು ಎಲೆಕ್ಷನ್ನೇ ರದ್ದಾಗುತ್ತೆ."

ಹಾಮು ಅಂದರೆ ಮುದಲಿಯಾರರು. ಅವರೂ ಅಲ್ಲೇ ನಿಂತು ನೋಡುತ್ತಿದ್ದರು. ನೋಟದಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. ಗಿರಿಗೋರಿಸ್ ಗಡಬಡಿಸಿ ಕೋಟು ಬಿಚ್ಚಿ ಬೇಲಿಯ ಮೇಲೆ ಹರವಿದ. ಯಾವ ಬರಿಮೈಗೆ ಹೆದರಿ ಇಷ್ಟೆಲ್ಲ ಮಾಡಿದನೋ ಅದೇ ಬರಿಮೈಯಲ್ಲಿ, ಅದೂ ಹಳದಿ ಹೊಟ್ಟೆಯೊಂದಿಗೆ, ಸಾಲಿನಲ್ಲಿ ನಿಂತ.

ಜೂನ್ ತಿಂಗಳಾದರೂ ಆ ದಿನ ಮಳೆ ಬಿಡುವು ಕೊಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಸಾಲು ಕದಲಲೇ ಇಲ್ಲ. ಹೊಸ ಕೆಲಸ, ಅಧಿಕಾರಿಗಳಿಗೂ ಗೊತ್ತಿಲ್ಲ, ಜನಕ್ಕೂ ಗೊತ್ತಿಲ್ಲ. ಒಬ್ಬ ಮುದುಕಿ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೊರಟಿದ್ದಳು. ಇನ್ನೊಬ್ಬ ಪೆಟ್ಟಿಗೆಗೆ ಹೂವಿಟ್ಟು ನಮಸ್ಕಾರ ಮಾಡಿ ಚೀಟಿ ಹಾಕುವುದನ್ನೇ ಮರೆತು ಬಂದ. ಮೂರು ಗಂಟೆ ಕಳೆದು ಗಿರಿಗೋರಿಸನ ಸರದಿ ಬರುವ ಹೊತ್ತಿಗೆ ವಲವ್ವೆಯ ಮೋಟಾರು ಬಂತು. ಮುದಲಿಯಾರರ ಹೆಂಡತಿ ದೊಡ್ಡ ಹಾಮಿನೆ ಹಸಿರು ಸೀರೆಯುಟ್ಟು ಇಳಿದರು. ಆರಚ್ಚಿಗೆ ಸೀರೆಯ ಬಣ್ಣ ಮಾತ್ರ ಕಾಣಿಸಲಿಲ್ಲ. ಮುದಲಿಯಾರರು ತಾವೇ ಅವರ ಕೈಹಿಡಿದು ಗಿರಿಗೋರಿಸನ ಮುಂದೆ ತಂದು ನಿಲ್ಲಿಸಿದರು.

ಹಾಮಿನೆ ಪೆಟ್ಟಿಗೆಗಳಿದ್ದ ಪರದೆಯ ಹಿಂದೆ ಹೋದವರು ಬೇಗ ಬರಲಿಲ್ಲ. ಅಧಿಕಾರಿ ಎರಡು ಸಲ ಕೆಮ್ಮಿದ. ವಯಸ್ಸಾಯ್ತು, ಕಣ್ಣು ಮಂಜು ಎಂದು ಮುದಲಿಯಾರರು ನಕ್ಕರು.

ಆಮೇಲೆ ಗಿರಿಗೋರಿಸ್ ಹೋದ. ಹಸಿರು ಪೆಟ್ಟಿಗೆಯೊಳಗೆ ಚೀಟಿ ಹಾಕಿ, ಸರಿಯಾಗಿ ಬಿತ್ತೋ ಇಲ್ಲವೋ ಎಂದು ತಟ್ಟಿ ನೋಡಿದ. ನೀಲಿ ಪೆಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇಡೀ ದಿನದಲ್ಲಿ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ, ಅದನ್ನು ಕಂಡವರು ಯಾರೂ ಇಲ್ಲ.

ಹೊರಗೆ ಬಂದಾಗ ಜನ ಬೇಲಿಯನ್ನೇ ನೋಡುತ್ತಿದ್ದರು. ಅರಿಶಿನಕ್ಕೂ ಬಿಸಿಲಿಗೂ ಆಗಿಬರುವುದಿಲ್ಲ ಎಂಬುದು ಮನೆಮನೆಗೂ ಗೊತ್ತಿರುವ ಸಂಗತಿ. ಬಾರೋಂಚಿಗೆ ಮಾತ್ರ ಬೆಳಿಗ್ಗೆ ನೆನಪಾಗಿರಲಿಲ್ಲ. ಮೂರು ಗಂಟೆಯ ಬಿಸಿಲು ಹಳದಿಯನ್ನೆಲ್ಲ ಕುಡಿದುಬಿಟ್ಟಿತ್ತು. ಬೇಲಿಯ ಮೇಲೆ ಕೋಟು ನೀಲಿಯಾಗಿ ಹೊಳೆಯುತ್ತಿತ್ತು. ಬೆಳಗಿನಿಂದ ಮಾವಿನ ಮರದಡಿ ಒಬ್ಬನೇ ನೊಣ ಹೊಡೆಯುತ್ತ ಕೂತಿದ್ದ ಗಲ್ಲಗೆಯ ಏಜೆಂಟು, ಈ ಊರಲ್ಲಿ ವೋಟೇ ಇಲ್ಲದ ಪೇಟೆಯವನು, ಎದ್ದು ಬಂದು, ಎಲ್ಲರೆದುರು ಗಿರಿಗೋರಿಸನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ.

ಮಾರನೆಯ ದಿನ ಪೇಟೆಯಲ್ಲಿ ಎಣಿಕೆಯಾಯಿತು. ಮುದಲಿಯಾರರು ಭರ್ಜರಿಯಾಗಿ ಗೆದ್ದರು. ಎಣಿಕೆಗೆ ಹೋಗಿದ್ದ ಆರಚ್ಚಿ ತನ್ನೂರಿನ ಪೆಟ್ಟಿಗೆಗಳ ಲೆಕ್ಕವನ್ನು ಪ್ರತ್ಯೇಕವಾಗಿ ತಂದ: ಹಸಿರು ನಾನೂರ ಹನ್ನೆರಡು. ನೀಲಿ ಒಂದು.

ಆ ಒಂದು ಯಾರದೆಂದು ಯಾರೂ ಕೇಳಲಿಲ್ಲ.

"ನಾನೇ ಕೈಯಾರೆ ಹಸಿರು ಮಾಡಿ ಕಳಿಸಿದ್ದೆ. ಹಸಿರಾಗಿ ಹೋದೋನು ನೀಲಿಯಾಗಿ ಬಂದ" ಎಂದು ಬಾರೋಂಚಿ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಸಂಜೆಯ ಹೊತ್ತಿಗೆ ಕಾವಲುಗಾರನ ದೊಣ್ಣೆ ಬಾರೋಂಚಿಯ ಭಾವಮೈದುನನ ಕೈಯಲ್ಲಿತ್ತು. ಪೊಡಿನೋನ ಕೂಡ ಒಲೆಯ ಮುಂದೆ ಕೂತು, "ನನಗಾದ್ರೂ ನಿಜ ಹೇಳ್ಬಾರದಾ?" ಅಂದಳು. ಗಿರಿಗೋರಿಸನಿಗೆ ಅತ್ಯಂತ ನೋವಾದದ್ದು ಆಗ.

ಮರುದಿನ ಕೋಟನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ವಲವ್ವೆಗೆ ಹೋದ. ಕಾರಣ ವಿವರಿಸಲು ಸಾಕ್ಷಿ ಬೇಕಲ್ಲ.

"ನನ್ನ ವೋಟು ನಿಮಗೇ ಹಾಕಿದ್ದು, ಹಾಮು. ಮಕ್ಕಳಾಣೆ."

ಮುದಲಿಯಾರರು ಸಿಟ್ಟಾಗಲಿಲ್ಲ. ಗೆದ್ದವರಿಗೆ ಸಿಟ್ಟು ಬರುವುದು ಕಡಿಮೆ. ತನ್ನ ಉಪ್ಪು ತಿಂದ ಊರಿನಲ್ಲಿ ತನಗೆ ಬೆನ್ನು ತಿರುಗಿಸುವವನು ಒಬ್ಬನಾದರೂ ಇದ್ದಾನೆಂದು ಗೊತ್ತಾದದ್ದು ಒಳ್ಳೆಯದೇ ಆಯಿತು, ಇನ್ನು ಹುಷಾರಾಗಿರುತ್ತೇನೆ ಎಂದು ಹೇಳಿ ಒಳಗೆ ಹೋದರು.

ಗಿರಿಗೋರಿಸ್ ತಲೆ ತಗ್ಗಿಸಿ ಹಿತ್ತಲ ಕಡೆಯಿಂದ ಹೊರಟ. ಅಡುಗೆಮನೆಯ ಜಗಲಿಯಿಂದ ಯಾರೋ ಕರೆದರು. ನೋಡಿದರೆ ದೊಡ್ಡ ಹಾಮಿನೆ. ಒಂದು ಮೊರ ಅಕ್ಕಿ, ಎರಡು ತೆಂಗಿನಕಾಯಿ, ಒಣಮೀನಿನ ಪೊಟ್ಟಣ ಅವನ ಮುಂದಿಟ್ಟರು. ಮಂಜು ಕಣ್ಣು ಎಂದು ಗಂಡ ಹೇಳಿದ್ದ ಆ ಕಣ್ಣು ಅವನ ಕಂಕುಳನ್ನು ನೇರವಾಗಿ ನೋಡುತ್ತಿತ್ತು.

"ಮೂವತ್ತಾರು ವರ್ಷ ಆಯ್ತು ಈ ಮನೆಗೆ ಬಂದು" ಅಂದರು ಹಾಮಿನೆ ಮೆಲ್ಲಗೆ. "'ನಿನಗೇನು ಬೇಕು' ಅಂತ ನನ್ನನ್ನ ಯಾರೂ ಕೇಳಿರಲಿಲ್ಲ. ಮೊನ್ನೆ ಸರ್ಕಾರದವರು ಚೀಟಿ ಕೊಟ್ಟು, ಪರದೆ ಎಳೆದು ಕೇಳಿದ್ರು. ಹೇಳ್ದೆ."

ಗಿರಿಗೋರಿಸ್ ಕಂಕುಳಿನ ಕೋಟನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಹೇಳಿದರೆ ನಂಬುವವರಾರು? ನಂಬಿದರೆ ತನ್ನನ್ನು ಊರಲ್ಲಿ ಇರಗೊಡುವವರಾರು?

"ಆ ಕೋಟು ಮತ್ತೆ ಬಿಳಿ ಮಾಡಿಸ್ಬೇಡ, ಗಿರಿಗೋರಿಸ್. ಹಾಗೇ ಜೋಪಾನವಾಗಿ ಇಟ್ಟಿರು" ಅಂದರು ಹಾಮಿನೆ, ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತ. "ಮುಂದಿನ ಎಲೆಕ್ಷನ್ನಿಗೂ ನನಗೆ ಬೇಕಾಗುತ್ತೆ."