ನಮ್ಮ ಮಾವ ಗೆದ್ದ ಅನಾಹುತ

ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಮಾವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದರು. ನಮ್ಮ ಮನೆಯ ಕಷ್ಟಗಳು ಶುರುವಾದದ್ದು ಆ ನಿಮಿಷದಿಂದಲೇ. ಹೊತ್ತನ್ನು ಇಷ್ಟು ಕರಾರುವಾಕ್ಕಾಗಿ ಹೇಳುತ್ತಾನಲ್ಲ ಎಂದು ಅನುಮಾನ ಪಡಬೇಡಿ. ಚಳ್ಳಕೆರೆಯ ಎಣಿಕೆ ಕೊಠಡಿಯಲ್ಲಿ, ಗೋಡೆ ಗಡಿಯಾರದ ಎದುರಿಗೇ, ಮಾವನ ಏಜೆಂಟನಾಗಿ ಕುಳಿತಿದ್ದವನು ನಾನು.

ಚುನಾವಣೆಗೆ ನಿಂತವರೆಲ್ಲ ಗೆಲ್ಲುವುದಕ್ಕೆ ಒದ್ದಾಡುತ್ತಾರೆ. ಎದುರಾಳಿಯನ್ನು ಗೆಲ್ಲಿಸುವುದಕ್ಕೆ ಹಗಲಿರುಳು ದುಡಿದು, ಕೊನೆಗೆ ಅದರಲ್ಲೂ ಸೋತವರನ್ನು ನೀವು ಕಂಡಿದ್ದೀರಾ? ಕಂಡಿದ್ದರೆ ಹೇಳಿ, ಬಸ್ಸು ಹತ್ತಿ ಬಂದು ನೋಡಿಕೊಂಡು ಹೋಗುತ್ತೇನೆ! ನಾನು ಕಂಡದ್ದು ಒಬ್ಬರನ್ನೇ, ನನ್ನ ಅವ್ವನ ತಮ್ಮನನ್ನು.

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರದ ಕಡೆ. ಡಿಗ್ರಿ ಓದಲು ಚಳ್ಳಕೆರೆಗೆ ಸೇರಿದಾಗ ಹಾಸ್ಟೆಲ್ ಊಟ ಬೇಡವೆಂದು ಮಾವ ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವರ ಊರು ವರವು ಕಾವಲು ಎಂಬ ದೊಡ್ಡ ಹುಲ್ಲುಗಾವಲಿನ ಅಂಚಿಗಿತ್ತು. ಅಲ್ಲಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದೆ. ಮನೆಯಲ್ಲಿ ಮಾವ, ಅತ್ತೆ, ನಾನು. ನಾಲ್ಕನೆಯವರು ಮಾವನ ಗೆಳೆಯ ಓಬಯ್ಯನವರು. ಅವರಿಗೆ ಬೇರೆ ಮನೆಯಿತ್ತು, ನಿಜ. ಆದರೆ ಬೆಳಗಾಗುತ್ತಿದ್ದದ್ದು ನಮ್ಮ ಜಗಲಿಯ ಮೇಲೆ. ಇಬ್ಬರೂ ಚಿಕ್ಕಂದಿನಿಂದ ಒಟ್ಟಿಗೆ ಕುರಿ ಮೇಯಿಸಿದವರು. ಓಬಯ್ಯನವರು ಬಂದು ಕುಳಿತು, ಮಳೆಯನ್ನು ಸ್ವಲ್ಪ, ಕುರಿಗಳನ್ನು ಸ್ವಲ್ಪ, ಮಾವನನ್ನು ಧಾರಾಳವಾಗಿ ಬೈದು, ಟೀ ಕುಡಿದು ಎದ್ದು ಹೋಗುತ್ತಿದ್ದರು. ಆ ಬೈಗುಳ ಬೀಳದ ದಿನ ಮಾವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಂಥ ಇಬ್ಬರನ್ನು ಊರವರು ಎದುರುಬದುರು ನಿಲ್ಲಿಸಿದರು. ಮೇಲಿನ ಕೇರಿಯವರಿಗೆ ಮಾವ ಬೇಕು, ಕೆಳಗಿನ ಕೇರಿಯವರಿಗೆ ಓಬಯ್ಯನವರು ಬೇಕು. ಇವರಿಬ್ಬರಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ನಾಮಪತ್ರ ಕೊಟ್ಟು ಬಂದ ದಿನ ಮಾವ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಚುನಾವಣಾ ಪ್ರಣಾಳಿಕೆಯನ್ನು ಹೇಳಿಬಿಟ್ಟರು.

"ನೋಡಪ್ಪ, ಗೆದ್ರೂ ಚಿಂತಿಲ್ಲ, ಸೋತ್ರೂ ಚಿಂತಿಲ್ಲ. ಅವನು ಜಗಲಿಗೆ ಬರೋದು ಮಾತ್ರ ತಪ್ಪಬಾರ್ದು."

ಇದಕ್ಕಾಗಿ ಅವರೊಂದು ಉಪಾಯ ಹೂಡಿದರು. ಇನ್ನೊಬ್ಬರ ಮನೆಯ ಊಟಕ್ಕೆ ಹೋದವನು ತಾನೇ ಸೌಟು ಹಿಡಿದು ಬಡಿಸಿಕೊಳ್ಳುತ್ತಾನೆಯೇ? ತನಗೆ ತಾನೇ ವೋಟು ಹಾಕಿಕೊಳ್ಳುವುದೂ ಅಷ್ಟೇ ಅಸಹ್ಯ ಎಂಬುದು ಮಾವನ ವಾದ. ಆದ್ದರಿಂದ ಮಾವನ ವೋಟು ಓಬಯ್ಯನವರಿಗೆ, ಓಬಯ್ಯನವರ ವೋಟು ಮಾವನಿಗೆ ಎಂದು ಜಗಲಿಯ ಮೇಲೆ ಎಲೆ ಅಡಿಕೆ ಕೈಗಿತ್ತು ಮಾತಾಯಿತು. ನಾನು ಸಾಕ್ಷಿ. ಬಾಗಿಲಲ್ಲಿ ನಿಂತಿದ್ದ ಅತ್ತೆ ರಾಯದುರ್ಗದ ಕಡೆಯವರು, ಬೇಸರವಾದಾಗ ತೆಲುಗಿಗೆ ಹೋಗಿಬಿಡುತ್ತಿದ್ದರು. "ಈಯನ ಕಥ ಇಂತೇ", ಇವರ ಕಥೆಯೇ ಇಷ್ಟು, ಎಂದು ಒಳಗೆ ಹೋದರು.

ಪ್ರಚಾರದ ಚೆಂದವನ್ನು ಏನೆಂದು ಹೇಳಲಿ! ಮನೆ ಮನೆಗೆ ಹೋಗಿ ಕೈ ಮುಗಿದು ಮಾವ ಮೊದಲು ಹೇಳುತ್ತಿದ್ದ ಮಾತು, ಓಬಯ್ಯನೂ ಒಳ್ಳೆಯವನೇ ಎಂದು. ಎರಡನೆಯ ಮಾತು, ನನಗಿಂತ ಅವನಿಗೇ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು. ಮೂರನೆಯ ಮಾತಿಗೆ ಮುಂಚೆ ನಾನು ಅವರನ್ನು ಅಂಗಿ ಹಿಡಿದು ಎಳೆದುಕೊಂಡು ಬರಬೇಕಾಗುತ್ತಿತ್ತು.

ಮಾವನಿಗೆ ಸಿಕ್ಕ ಗುರುತು ಏಣಿ. ಮತಗಟ್ಟೆಯಾಗಿದ್ದ ಶಾಲೆಯ ಸುತ್ತ ನೂರು ಮೀಟರಿನೊಳಗೆ ಯಾವ ಅಭ್ಯರ್ಥಿಯ ಗುರುತೂ ಕಾಣಬಾರದೆಂದು ಅಧಿಕಾರಿಗಳು ಹೇಳಿದ್ದೇ ತಡ, ಮತದಾನದ ಬೆಳಗ್ಗೆ ಮಾವ ತಾವೇ ಬೀದಿಗಿಳಿದು, ಕಂಡ ಕಂಡ ಮನೆಯ ಏಣಿಗಳನ್ನೆಲ್ಲ ಹೊತ್ತು ತಂದು ನಮ್ಮ ಹಿತ್ತಲಿನಲ್ಲಿ ಒಟ್ಟಿದರು. ಕಾನೂನೆಂದರೆ ಕಾನೂನು! ಹನ್ನೊಂದು ಗಂಟೆಯಾದರೂ ಓಬಯ್ಯನವರು ವೋಟಿಗೆ ಬರಲಿಲ್ಲ. ಕೆಳಗಿನ ಕೇರಿಯಲ್ಲಿ ಗುಸುಗುಸು ಎದ್ದಿತು, ಅಭ್ಯರ್ಥಿಯನ್ನು ಯಾರೋ ಅಪಹರಿಸಿದ್ದಾರೆಂದು. ಹುಡುಕಿದರೆ ಓಬಯ್ಯನವರು ತಮ್ಮ ಮನೆಯ ಮಾಳಿಗೆಯ ಮೇಲೇ ಇದ್ದಾರೆ. ಒಣಗಲು ಹರವಿದ್ದ ಹುಣಸೆಹಣ್ಣು ತಿರುವಿ ಹಾಕಲು ಹತ್ತಿದವರು, ಇಳಿಯೋಣವೆಂದು ನೋಡಿದರೆ ಏಣಿಯಿಲ್ಲ. ಕೂಗಿ ಕರೆಯೋಣವೆಂದರೆ ಮನೆಯವರೆಲ್ಲ ಮತಗಟ್ಟೆಯ ಸಾಲಿನಲ್ಲಿ. ಮಾವ ಓಡೋಡಿ ಏಣಿ ತಂದು ಆನಿಸಿ, ಕೆಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡು, "ಇಳಿ ಲೇ, ಹೋಗಿ ನಂಗೆ ವೋಟು ಹಾಕಿ ಬಾ" ಎಂದರು. ಓಬಯ್ಯನವರು ಹುಣಸೆಹಣ್ಣಿನ ಮುಖ ಮಾಡಿಕೊಂಡು ಹೋದರು.

ಎಣಿಕೆಯ ದಿನ ಪೆಟ್ಟಿಗೆ ತೆರೆದು, ಚೀಟಿಗಳನ್ನು ಬಿಡಿಸಿ, ಎಣಿಸಿದರೆ ಇಬ್ಬರಿಗೂ ನೂರ ನಲವತ್ತಮೂರು. ಮತ್ತೆ ಎಣಿಸಿದರು. ಮತ್ತೆ ಅಷ್ಟೇ. ಮೂರನೆಯ ಸಲಕ್ಕೆ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ಇದೇನ್ರಿ ಇದು ಎಂದರು. ಎದುರಿಗೆ ನಿಂತಿದ್ದ ಮಾವ ಹೆಮ್ಮೆಯಿಂದ ವಿವರಣೆ ಕೊಟ್ಟರು.

"ಸಮ ಬರಲೇಬೇಕು ಸಾರ್. ನನ್ನ ವೋಟು ಅವನಿಗೆ ಹಾಕೀನಿ. ಅವನ ವೋಟು ನಂಗೆ ಹಾಕ್ಯಾನೆ."

ಕೊಠಡಿಯೆಲ್ಲ ನಕ್ಕಿತು. ಅದನ್ನೆಲ್ಲ ಬಾಯಿಬಿಟ್ಟು ಹೇಳಬಾರದು ಮಾರಾಯರೇ ಎಂದು ಅಧಿಕಾರಿಯೂ ನಕ್ಕರು. ನಗದೆ ಇದ್ದವರು ಓಬಯ್ಯನವರೊಬ್ಬರೇ. ಅವರ ಮುಖ ನೆಲಕ್ಕೆ ಬಿದ್ದಿತ್ತು. ಆ ಮುಖ ನೋಡಿದ ನನಗೆ ಎಲ್ಲವೂ ತಿಳಿದುಹೋಯಿತು. ಎಲೆ ಅಡಿಕೆಯ ಮಾತನ್ನು ಇಬ್ಬರಲ್ಲಿ ಒಬ್ಬರು ಮಾತ್ರ ಉಳಿಸಿಕೊಂಡಿದ್ದರು. ಮಾವ ತಮ್ಮ ವೋಟನ್ನು ತಮಗೇ ಹಾಕಿಕೊಂಡಿದ್ದರೆ ಎರಡು ವೋಟಿನಿಂದ ಗೆದ್ದು ಮನೆಗೆ ಹೋಗಿ ಮಲಗಬಹುದಿತ್ತು.

ಲಾಟರಿ ಎತ್ತಿದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ಚೀಟಿ. ಅಧಿಕಾರಿಯ ಕೈಗೆ ಮಾವನ ಹೆಸರು ಬಂತು. ಮೂರು ಗಂಟೆ ಹದಿನೇಳು ನಿಮಿಷ!

ಊರಿಗೆ ಇದ್ದದ್ದು ಒಂದೇ ಟ್ರ್ಯಾಕ್ಟರು. ಗೆದ್ದವರೂ ಸೋತವರೂ ಅದರ ಟ್ರೇಲರಿನಲ್ಲೇ ಮರಳಬೇಕು. ಮುಂದೆ ಚೆಂಡುಹೂವಿನ ಹಾರ ಹಾಕಿಕೊಂಡ ಮಾವ, ಪಕ್ಕದಲ್ಲಿ ನೆಟ್ಟಗೆ ಕಟ್ಟಿದ ಏಣಿ, ಹಿಂದಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತ ಓಬಯ್ಯನವರು. ಹತ್ತಿರವಾಗುತ್ತದೆಂದು ಡ್ರೈವರು ಕಾವಲಿನ ಒಳದಾರಿ ಹಿಡಿದ. ಆ ಕಾವಲಿನಲ್ಲಿ ಮೇಯುವುದು ಅಮೃತಮಹಲ್ ದನ. ಮನುಷ್ಯರ ಸಹವಾಸ ಅವಕ್ಕೆ ಅಷ್ಟಾಗಿ ಸೇರದು. ಕೊಂಬುಗಳೋ, ಹಿಂದಕ್ಕೆ ಬಾಗಿ ಮೇಲಕ್ಕೆದ್ದ ಈಟಿಗಳು. ಹಳ್ಳದ ಮರಳಿನಲ್ಲಿ ಚಕ್ರ ಹೂತು ಟ್ರ್ಯಾಕ್ಟರು ನಿಂತಿತು. ಸುಮ್ಮನೆ ನಿಲ್ಲುವ ಬದಲು ಯಾರೋ ಒಬ್ಬ ಪುಣ್ಯಾತ್ಮ ಪಟಾಕಿ ಸರಕ್ಕೆ ಬೆಂಕಿ ಇಟ್ಟ.

ಮೊದಲು ದೂಳು ಕಂಡಿತು. ಆಮೇಲೆ ನೆಲ ಅದುರಿತು. ಆಮೇಲೆ ದೂಳಿನೊಳಗಿಂದ ಕೊಂಬುಗಳು ಬಂದವು. ಟ್ರೇಲರಿನಲ್ಲಿದ್ದ ಜಯಘೋಷ ನಾಲ್ಕು ದಿಕ್ಕಿಗೆ ಓಡಿಹೋಯಿತು. ನಾನು ಮಾತ್ರ ಇಳಿದ ಜಾಗದಲ್ಲೇ ನಿಂತುಬಿಟ್ಟೆ. ಬಿ.ಎ. ಎರಡನೇ ವರ್ಷದವರೆಗೆ ಓದಿದ್ದರಲ್ಲಿ ಒಂದು ಅಕ್ಷರವೂ ಆಗ ಉಪಯೋಗಕ್ಕೆ ಬರಲಿಲ್ಲ. ಮಾವ ಏಣಿಯನ್ನು ಬಿಚ್ಚಿ ಪಕ್ಕದ ಬೇವಿನ ಮರಕ್ಕೆ ಒರಗಿಸಿ, ನನ್ನನ್ನು ಕುತ್ತಿಗೆಪಟ್ಟಿ ಹಿಡಿದು ಮೇಲಕ್ಕೆ ನೂಕಿದರು. ಆಮೇಲೆ ತಿರುಗಿ ನೋಡಿದರೆ ಓಬಯ್ಯನವರು ಕೈ ಕಟ್ಟಿಕೊಂಡು ನಿಂತಿದ್ದಾರೆ.

"ನಿನ್ನ ಗುರುತಿನ ಮ್ಯಾಲೆ ನಾನು ಕಾಲಿಡಾಕಿಲ್ಲ."

"ಲೇ, ಈಗ ಹತ್ತು. ನೀತಿ ಸಂಹಿತೆ ಆಮ್ಯಾಲೆ ನೋಡಾಣ."

ಹತ್ತಲಿಲ್ಲ. ಮಾವ ಅವರನ್ನು ಕುರಿಯಂತೆ ಹೆಗಲಿಗೆ ಎತ್ತಿ ಏಣಿಗೆ ಹಾಕಿದರು. ಭಾರಕ್ಕೆ ಏಣಿ ವಾಲಿತು. ತಾವು ಹತ್ತುವುದನ್ನು ಬಿಟ್ಟು ಮಾವ ಅದನ್ನು ಕೆಳಗೆ ತಬ್ಬಿಕೊಂಡು ನಿಂತರು. ದನಗಳು ಮರದ ಎರಡೂ ಬದಿಗೆ ಹೊಳೆಯಂತೆ ಹರಿದವು. ಒಂದು ಹೋರಿಯ ಕೊಂಬು ಮಾವನ ಪಕ್ಕೆಯ ಪಕ್ಕದಲ್ಲಿ, ಒಂದು ಗೇಣು ಕೂಡ ಇರಲಿಲ್ಲ ಕಣ್ರಿ, ಒಂದು ಗೇಣು, ಹೊಸ ಅಂಗಿಯನ್ನು ಉದ್ದಕ್ಕೆ ಸೀಳಿಕೊಂಡು ಹೋಯಿತು. ನಾನು ಮೇಲಿನಿಂದ ನೋಡಿದೆ. ಓಬಯ್ಯನವರೂ ನೋಡಿದರು. ದೂಳು ಇಳಿದಾಗ ಹಿಂದುಳಿದ ಹಸುವೊಂದು ಬಂದು ಮಾವನನ್ನು ಮೂಸಿ, ಕೊರಳಲ್ಲಿದ್ದ ಹಾರವನ್ನು ಎಳೆದುಕೊಂಡು ನಿಧಾನವಾಗಿ ತಿಂದು ಮುಗಿಸಿತು. ವಿಜಯೋತ್ಸವ ಅಲ್ಲಿಗೆ ಮುಕ್ತಾಯ!

ಮರುದಿನ ಓಬಯ್ಯನವರು ಜಗಲಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಾವ ಹುಡುಕಿಕೊಂಡು ಹೋದರೆ ಹೊಲಕ್ಕೆ ಹೋಗಿದ್ದಾರೆಂಬ ಉತ್ತರ, ಹೊಲಕ್ಕೆ ಹೋದರೆ ಮನೆಗೆ ಹೋದರೆಂಬ ಉತ್ತರ. ಬೀದಿಯಲ್ಲಿ ಎದುರಾದರೆ ಇಬ್ಬರೂ ಮಳೆ ಬರುವುದೋ ಎಂಬಂತೆ ಆಕಾಶ ನೋಡುತ್ತಿದ್ದರು. ಮಾರ್ಚ್ ತಿಂಗಳಲ್ಲಿ, ಚಳ್ಳಕೆರೆ ತಾಲ್ಲೂಕಿನಲ್ಲಿ, ಮಳೆ!

ಇನ್ನೊಂದು ಸಂಕಟವೂ ಹುಟ್ಟಿಕೊಂಡಿತು. ಕುರಿ ಹೊಡೆದುಕೊಂಡು ವಾರಗಟ್ಟಲೆ ಊರು ಬಿಟ್ಟು ತಿರುಗುತ್ತಿದ್ದ ಕಾಲದಲ್ಲಿ ಇವರಿಬ್ಬರೂ ಒಬ್ಬರಿಗೊಬ್ಬರು ಗಡ್ಡ ಹೆರೆಯುವುದನ್ನು ಕಲಿತಿದ್ದರಂತೆ. ಅಲ್ಲಿಂದ ಇಲ್ಲಿಯವರೆಗೆ ಇಬ್ಬರೂ ಮೂರನೆಯವರಿಗೆ ಕೆನ್ನೆ ಕೊಟ್ಟವರಲ್ಲ. ಈಗ ಇಬ್ಬರ ಗಡ್ಡವೂ ಬೆಳೆಯತೊಡಗಿತು. ತಳಕು ಊರಿನ ಸಂತೆಗೆ ಹೋಗುವ ಜನ ಬಸ್ ಸ್ಟ್ಯಾಂಡಿನಲ್ಲಿ ಗಡ್ಡದ ಉದ್ದ ನೋಡಿ ಊರಿನ ರಾಜಕೀಯವನ್ನು ಅಳೆಯುತ್ತಿದ್ದರು. ಪಂಚಾಯಿತಿಯ ಮೊದಲ ಸಭೆಗೆ ಮಾವ ಸನ್ಯಾಸಿಯಂತೆ ಹೋಗಿಬಂದರು. ಪೇಟೆಯಲ್ಲಿ ಮಾಡಿಸಿಕೊಂಡು ಬರಬಾರದೇ ಎಂದು ಅತ್ತೆ ಕೇಳಿದರೆ, ಕಂಡವರ ಕೈಗೆ ಕುತ್ತಿಗೆ ಕೊಡಲೇ ಎಂದರು.

ನಿದ್ದೆಯಂತೂ ಮನೆ ಬಿಟ್ಟು ಹೋಗಿತ್ತು. ಮಾವ ಹಾಸಿಗೆಯಿಂದ ಜಗಲಿಗೆ, ಜಗಲಿಯಿಂದ ಹಾಸಿಗೆಗೆ ಓಡಾಡುವರು. ನಾನು ಕಣ್ಣು ಮುಚ್ಚಿದರೆ ಸಾಕು, ದೂಳಿನೊಳಗಿಂದ ಆ ಕೊಂಬು ಬರುತ್ತಿತ್ತು. ಕನಸಿನಲ್ಲಿ ಅದು ಪ್ರತಿ ಸಲವೂ ಆ ಒಂದು ಗೇಣನ್ನು ದಾಟಿಬಿಡುತ್ತಿತ್ತು. ಬೆವೆತು ಎದ್ದು ಕುಳಿತರೆ ಜಗಲಿಯ ಮೇಲೆ ಮಾವನ ಬೀಡಿಯ ಕೆಂಡ ಕಾಣುತ್ತಿತ್ತು. ಬದುಕಿದ್ದಾರೆ ಎಂದು ಸಮಾಧಾನ.

ಯುಗಾದಿ ಕಳೆದ ಮೊದಲ ಭಾನುವಾರ ಬೆಳಗ್ಗೆ ಓಬಯ್ಯನವರು ಬಂದರು. ಒಂದು ಕೈಯಲ್ಲಿ ನೀರಿನ ಬಟ್ಟಲು, ಇನ್ನೊಂದರಲ್ಲಿ ಗಡ್ಡದ ಕತ್ತಿ. ಜಗಲಿಯಲ್ಲಿ ಓದುತ್ತ ಕುಳಿತಿದ್ದ ನಾನು ಪುಸ್ತಕ ಬಿಟ್ಟು ಎದ್ದು ನಿಂತೆ. ಮಾವನ ಪಕ್ಕೆಯ ಹತ್ತಿರ ಕೊಂಬು ಕಂಡ ಕಣ್ಣಿಗೆ ಈಗ ಅವರ ಗಂಟಲ ಮೇಲೆ ಕತ್ತಿ ಕಾಣಬೇಕೇ? ಓಬಯ್ಯನವರು ನನ್ನ ಕಡೆ ನೋಡಲೂ ಇಲ್ಲ. ಮಾವನನ್ನು ಕೂರಿಸಿ, ಸೋಪು ಹಚ್ಚಿ, ಗದ್ದ ಮೇಲೆತ್ತಿ, ಬೈಯಲು ಶುರು ಮಾಡಿದರು.

"ಮೆಂಬರಾಗಿ ತಿಂಗಳ ಮ್ಯಾಲಾತು. ನಮ್ಮ ಕೇರಿ ಕಂಬದಾಗೆ ದೀಪ ಇಲ್ಲ. ಮಕ ನೋಡಿದ್ರೆ ಕರಡಿ ಹಂಗೈತೆ. ನಿಂಗೆ ವೋಟು ಹಾಕಿದ ನೂರ ನಲವತ್ತಮೂರು ಜನಕ್ಕೂ ಬುದ್ಧಿ ಇಲ್ಲ."

ಮಾವನ ಮುಖ ಅರಳುತ್ತಿತ್ತು. ಅಲ್ಲಾಡಬೇಡ ಎಂದು ಅದಕ್ಕೂ ಬೈಸಿಕೊಂಡರು. ಬಲಗೆನ್ನೆ ಮುಗಿದು ಎಡಗೆನ್ನೆಗೆ ಬರುವಾಗ ಓಬಯ್ಯನವರ ಕೈ ನಿಂತಿತು.

"ಆ ನೂರ ನಲವತ್ತಮೂರರಾಗೆ ನಾನಿಲ್ಲ ಕಣಲೇ. ನಾನು ನಂಗೇ ಒತ್ಕಂಡೆ."

ಮಾವ ಕಣ್ಣು ಬಿಡಲಿಲ್ಲ.

"ಗೊತ್ತೈತೆ. ಅವತ್ತೇ ನಿನ್ನ ಮಕ ನೋಡ್ದೆ. ಮೀಸೆ ಹತ್ರ ನಿಧಾನ."

ಓಬಯ್ಯನವರು ಕತ್ತಿಯನ್ನು ಪಂಚೆಯ ತುದಿಗೆ ಒರೆಸಿಕೊಂಡರು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು. ಮತ್ತೆ ಕೆನ್ನೆಗೆ ಕೈ ಹಚ್ಚುವಷ್ಟರಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದರು. ಸೋತ ಅಭ್ಯರ್ಥಿಯ ಕತ್ತಿ ಕುತ್ತಿಗೆಯ ಮೇಲಿರುವಾಗ ಯಾವ ಮೆಂಬರು ಹೀಗೆ ನಿದ್ದೆ ಮಾಡಿಯಾನು! ಓಬಯ್ಯನವರು ಒಂದು ಅಂಗೈಯಲ್ಲಿ ಆ ಗದ್ದವನ್ನು ಬೀಳದಂತೆ ಹಿಡಿದು, ಇನ್ನೊಂದು ಕೈಯಿಂದ ಉಳಿದ ಗಡ್ಡವನ್ನು ತೆಗೆದರು. ಒಳಗೆ ಪಾತ್ರೆ ಸದ್ದು ಮಾಡಿದ ಅತ್ತೆಯನ್ನು ಕಣ್ಣಲ್ಲೇ ಗದರಿಸಿದರು. ಕೆಲಸ ಮುಗಿದ ಮೇಲೂ ಅಂಗೈಯನ್ನು ತೆಗೆಯಲಿಲ್ಲ. ಬಿಸಿಲು ಜಗಲಿಗೆ ಏರುವವರೆಗೂ ಹಾಗೇ ಕುಳಿತಿದ್ದರು, ತಮ್ಮ ಗಡ್ಡ ತಮ್ಮ ಮುಖದಲ್ಲೇ ಇಟ್ಟುಕೊಂಡು.

ಆ ಭಾನುವಾರ ರಾತ್ರಿ ನನ್ನ ಕನಸಿಗೆ ಏನೂ ಬರಲಿಲ್ಲ. ಬೆಳಕು ಹರಿದದ್ದು ಮಾವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.