ಲಿಂಬೆಹಣ್ಣಿನಷ್ಟು ಹೆಲ್ಮೆಟ್ಟು

ನಮ್ಮ ಭಾವನ ಬಳಿ ಇನ್ನೂರ ಹನ್ನೊಂದು ಹೆಲ್ಮೆಟ್ಟುಗಳಿವೆ. ಅವುಗಳಲ್ಲಿ ಒಂದಾದರೂ ಅವರ ತಲೆಗೆ ಹಿಡಿಸುವುದಿಲ್ಲ! ಅವರದೇನೂ ಕುಂಬಳಕಾಯಿ ತಲೆಯಲ್ಲ; ಹೆಲ್ಮೆಟ್ಟುಗಳೇ ಲಿಂಬೆಹಣ್ಣಿನಷ್ಟಿವೆ. ಒಮ್ಮೆ ಮನೆಯ ಬೆಕ್ಕಿನ ಮರಿಗೆ ಒಂದನ್ನು ತೊಡಿಸಲು ನೋಡಿದೆವು. ಅದಕ್ಕೂ ಬಿಗಿಯಾಯಿತು. ಮರಿ ಎರಡು ದಿನ ನಮ್ಮ ಯಾರ ಹತ್ತಿರವೂ ಬರಲಿಲ್ಲ.

ಇದನ್ನೆಲ್ಲ ನಗುತ್ತ ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ನಾನು ಈಚೆಗೆ ಸ್ವಲ್ಪ ದಣಿದವಳು. ಮಳೆ ಬಿಟ್ಟ ಮೇಲೆ ಒಂದು ಕಾಗದ ನಮ್ಮ ಫ್ರಿಜ್ಜಿನ ಮೇಲೆ ಎಂಟು ದಿನ ಕೂತಿತ್ತು. ಹದಿನಾರು ವರ್ಷದ ನನ್ನ ಮಗಳನ್ನು ಕ್ರಿಕೆಟ್ ಶಿಬಿರಕ್ಕೆ ಕಳಿಸಲು ತಂದೆ ಅಥವಾ ತಾಯಿ ಸಹಿ ಹಾಕಿ ಕೊಡಬೇಕಾದ ಒಪ್ಪಿಗೆ ಪತ್ರ ಅದು. ಶುಕ್ರವಾರ ಕೊನೆಯ ದಿನ. ಅವಳ ಅಪ್ಪ ಲಾರಿ ಓಡಿಸುವವರು, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯಲ್ಲೇ ಇರುತ್ತಾರೆ. ಫೋನಿನಲ್ಲಿ ಕೇಳಿದರೆ, ‘ನೋಡಿದವಳು ನೀನು, ನೀನೇ ಹೇಳು’ ಎಂದರು. ನೋಡಿದವಳು ನಾನು, ನಿಜ. ಏನನ್ನು ನೋಡಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಭಾವ.

ಭಾವ ಎಂದರೆ ನನ್ನ ಗಂಡನ ಅಣ್ಣ. ಮಲಯಾಳ ಸೀಮೆಯ ಕೇಣಿಚಿರದ ಜಂಕ್ಷನ್ನಿನಲ್ಲಿ ಟೈಲರ್ ಅಂಗಡಿ. ಮದುವೆಯಾಗಲಿಲ್ಲ, ಆಗಿದ್ದರೆ ಆ ಪುಣ್ಯಾತ್ಗಿತ್ತಿ ಈ ಪ್ರಬಂಧವನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಕೀಚೈನಿಗೆ ಹಾಕುವ ಪ್ಲಾಸ್ಟಿಕ್ ಹೆಲ್ಮೆಟ್ಟು, ಬಹುಮಾನದ ಕಪ್ಪಿನ ನೆತ್ತಿಯ ಮೇಲಿನ ಹೆಲ್ಮೆಟ್ಟು, ಐಸ್‌ಕ್ರೀಮ್ ತುಂಬಿಸಿ ಮಾರುವ ಹೆಲ್ಮೆಟ್ಟಿನಾಕಾರದ ಬಟ್ಟಲು, ಇವೆಲ್ಲ ಎಲ್ಲಿ ಕಂಡರೂ ಭಾವ ತರುತ್ತಾರೆ. ತಂದದ್ದನ್ನು ಇದ್ದ ಹಾಗೇ ಇಟ್ಟರೆ ಹವ್ಯಾಸ ಎನ್ನಬಹುದಿತ್ತು. ಇವರು ಅದರ ಬಣ್ಣ ಕೆರೆದು, ಉಗುರಿಗೆ ಹಚ್ಚುವ ಬಣ್ಣದಿಂದ ಬೇರೆ ಬಣ್ಣ ಬಳಿದು, ಒಳಗೆ ಕಾಲರಿನ ಕ್ಯಾನ್ವಾಸ್ ಅಂಟಿಸಿ, ಪಿನ್ನು ಬಗ್ಗಿಸಿ ಮುಖದ ಜಾಲರಿ ಕೂರಿಸಿ, ಗಲ್ಲಕ್ಕೆ ಎಲಾಸ್ಟಿಕ್ ಹೊಲಿದು, ಹುಕ್ಕು ಹಾಕುತ್ತಾರೆ.

ಹುಕ್ಕು ಎಲ್ಲಿಂದ ಬರುತ್ತದೆ? ಅಲ್ಲೇ ಇರುವುದು ತೊಂದರೆ. ಒಮ್ಮೆ ಶಾಲೆಯ ಟೀಚರೊಬ್ಬರು ಹೊಲಿಸಿದ ರವಿಕೆಯನ್ನು ಹಿಡಿದು ವಾಪಸು ಬಂದರು. ಆರು ಹುಕ್ಕು ಇರಬೇಕಾದಲ್ಲಿ ಮೂರಿದ್ದವು. ಉಳಿದ ಮೂರು ಎಲ್ಲಿ ಎಂದು ಟೀಚರು ಸಮಾಧಾನದಿಂದಲೇ ಕೇಳಿದರು. ಭಾವ ಕನ್ನಡಕದ ಮೇಲಿಂದ ನೋಡಿ, ಅಷ್ಟೇ ಸಮಾಧಾನದಿಂದ, ‘ಅದು ದಕ್ಷಿಣ ಆಫ್ರಿಕಕ್ಕೆ ಹೋಯ್ತು, ಟೀಚರೇ’ ಎಂದರು. ಕಪಾಟಿನಲ್ಲಿ ಹಸಿರು ಬಣ್ಣದ ಮೂರು ಹೊಸ ಹೆಲ್ಮೆಟ್ಟುಗಳು ಗಲ್ಲಕ್ಕೆ ರವಿಕೆಯ ಹುಕ್ಕು ಬಿಗಿದುಕೊಂಡು ನಿಂತಿದ್ದವು.

ನಮ್ಮ ಕಡೆ ಎಲ್ಲರಿಗೂ ಫುಟ್ಬಾಲಿನ ಹುಚ್ಚು. ವಿಶ್ವಕಪ್ ಬಂತೆಂದರೆ ಜಂಕ್ಷನ್ನಿನಲ್ಲಿ ಆಕಾಶ ಕಾಣುವುದಿಲ್ಲ, ಬಾವುಟಗಳೇ ಕಾಣುತ್ತವೆ. ಭಾವನೂ ಸುಮ್ಮನಿರಲಿಲ್ಲ. ಬ್ರೆಜಿಲಿಗೊಂದು, ಅರ್ಜೆಂಟೀನಕ್ಕೊಂದು ಹೆಲ್ಮೆಟ್ಟು ಮಾಡಿ ಅಂಗಡಿಯ ಬಾಗಿಲಿಗೆ ನೇತುಹಾಕಿದರು. ಎದುರಿನ ಚಹಾದಂಗಡಿಯವನು ಬಂದು, ಚೇಟ್ಟಾ, ಅಣ್ಣಾ, ಫುಟ್ಬಾಲಿನಲ್ಲಿ ಹೆಲ್ಮೆಟ್ಟು ಯಾರು ಹಾಕುತ್ತಾರೆ ಎಂದು ಕೇಳಿದ. ಭಾವ ದಾರ ಕಚ್ಚಿ ಕತ್ತರಿಸಿ ಹೇಳಿದರು, ‘ಚೆಂಡಿಗೆ ತಲೆಯಲ್ಲೇ ಹೊಡೆಯೋರು ಅವರು. ಮೊದಲು ಬೇಕಾದ್ದೇ ಅವರಿಗೆ.’ ಚಹಾದಂಗಡಿಯವನು ತನ್ನ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು ವಾಪಸು ಹೋದ. ಆಮೇಲೆ ಕಬಡ್ಡಿಗೆ ಬಂತು, ವಾಲಿಬಾಲಿಗೆ ಬಂತು. ಕೇರಂ ಆಡುವವರಿಗೆ ಅಂತ ಕೆಂಪು ಬಣ್ಣದ್ದೊಂದು ಬಂದ ದಿನ ನಾನು ಕೇಳುವುದನ್ನು ಬಿಟ್ಟೆ.

ಕೇಳುವುದು ಎಂದರೂ ನೇರ ಕೇಳುವ ಹಾಗಿಲ್ಲ. ನಮ್ಮ ಕುಟುಂಬದಲ್ಲಿ ಗಂಡನ ಅಣ್ಣನೂ ತಮ್ಮನ ಹೆಂಡತಿಯೂ ಮುಖ ನೋಡಿ ಮಾತಾಡುವ ಪದ್ಧತಿ ಇಲ್ಲ. ನಾನು ಗುಂಡ್ಲುಪೇಟೆಯ ಕಡೆಯಿಂದ ಮದುವೆಯಾಗಿ ಬಂದು ಹದಿನೆಂಟು ವರ್ಷವಾಯಿತು. ಮಗಳು ಹುಟ್ಟಿದ ಮೇಲೆ ನಾನು ಅವಳಿಗೆ ಹೇಳಿದ ಹಾಗೆ ಭಾವನಿಗೆ ಹೇಳುತ್ತೇನೆ. ಭಾವ ಹೊಲಿಗೆ ಮೆಷಿನ್ನಿಗೆ ಹೇಳಿದ ಹಾಗೆ ನನಗೆ ಹೇಳುತ್ತಾರೆ. ‘ಸಾರಿಗೆ ಉಪ್ಪು ಸಾಲದು’ ಎಂಬುದನ್ನು ಎಷ್ಟೋ ಸಲ ಆ ಮೆಷಿನ್ನು ಕೇಳಿಸಿಕೊಂಡಿದೆ, ಪಾಪ.

ಇನ್ನು ಅವರ ಪಟ್ಟಿಯ ಕತೆ. ಇನ್ನೂರ ಹನ್ನೊಂದು ಹೆಲ್ಮೆಟ್ಟುಗಳಿಗೂ ಒಂದು ಪಟ್ಟಿಯಿದೆ: ಯಾವ ನಂಬರಿನದು ಯಾವ ಆಟಕ್ಕೆ, ಯಾವಾಗ ಮಾಡಿದ್ದು, ಇತ್ಯಾದಿ. ಹೆಲ್ಮೆಟ್ಟುಗಳು ಮನೆಯ ಮುಂದಿನ ಕೋಣೆಯಲ್ಲಿರುವುದರಿಂದ, ಅದರ ಬಾಗಿಲಿಗೆ ಭಾವ ಒಂದು ಹಲಗೆ ಬರೆದು ತೂಗಿಸಿದರು: ‘ಪಟ್ಟಿ ಒಳಗಿದೆ. ಕೇಳಿ ಒಳಗೆ ಬನ್ನಿ.’ ಇಲ್ಲಿ ನಮ್ಮವರು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ಮಲಯಾಳದ ಅಕ್ಷರ. ಹಾಗಾಗಿ ಬರೆಯುವುದು ಕನ್ನಡವನ್ನೇ, ಆದರೆ ಮಲಯಾಳದ ಅಕ್ಷರದಲ್ಲಿ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ!

ಕರೆಂಟಿನ ಮೀಟರು ಓದುವವನು ಬಂದ. ಹಲಗೆಯ ಮೊದಲ ಮಾತು ಓದಿ ಗೇಟಿನಲ್ಲೇ ನಿಂತ. ‘ಪಟ್ಟಿಯೆ ಕೆಟ್ಟಿಯಿಟ್ಟುಂಡೋ?’ ಎಂದು ಕೂಗಿದ. ನಾಯಿಯನ್ನು ಕಟ್ಟಿಹಾಕಿದ್ದೀರಾ ಎಂದು ಕೇಳಿದ್ದು ಅವನು. ಅಂದು ಭಾವ ಬೆಳಗಿನಿಂದ ಪಟ್ಟಿಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. ಹಾಳೆಗಳನ್ನು ಹೊಲಿದು ಕಟ್ಟಿದ್ದೀರಾ ಎಂದು ಯಾರೋ ಆಸಕ್ತಿಯಿಂದ ವಿಚಾರಿಸುತ್ತಿದ್ದಾರೆಂದು ಅವರಿಗೆ ಸಂತೋಷವಾಯಿತು. ಇಲ್ಲ, ಕಟ್ಟಿಲ್ಲ, ಎಲ್ಲ ಬಿಡಿಬಿಡಿಯಾಗಿಯೇ ಇವೆ, ಒಟ್ಟು ಹದಿನಾಲ್ಕು ಎಂದು ಒಳಗಿನಿಂದಲೇ ಮಲಯಾಳದಲ್ಲಿ ಉತ್ತರ ಕೊಟ್ಟರು. ಹದಿನಾಲ್ಕು ಬಿಚ್ಚಿಬಿಟ್ಟ ನಾಯಿಗಳ ಮನೆಗೆ ಯಾರು ಬರುತ್ತಾರೆ? ಆಮೇಲೆ ಆರು ತಿಂಗಳು ನಮ್ಮ ಮೀಟರನ್ನು ಅವನು ರಸ್ತೆಯಿಂದಲೇ ಅಂದಾಜು ಮಾಡಿದ. ಹಲಗೆ ತೆಗೆಯಿರಿ ಎಂದು ನಾನು ಮಗಳಿಗೆ ಹೇಳಿದೆ. ಅಕ್ಷರ ಸರಿಯಾಗಿಯೇ ಇದೆಯಲ್ಲ ಎಂದು ಭಾವ ಮೆಷಿನ್ನಿಗೆ ಹೇಳಿದರು.

ಈಗ ನಾನು ನೋಡಿದ್ದನ್ನು ಹೇಳಬೇಕು.

ಕಲ್ಪೆಟ್ಟದ ಆಚೆ ಒಂದು ಮೈದಾನ. ಮಗಳು ಬ್ಯಾಟು ಮಾಡುತ್ತಿದ್ದಳು. ನಾನು ಸೈಟ್‌ಸ್ಕ್ರೀನಿನ ಬಿಳಿ ಪರದೆಯ ಎಡಕ್ಕೆ, ಸಿಮೆಂಟಿನ ಮೂರನೇ ಮೆಟ್ಟಿಲಿನ ಮೇಲೆ ಕೂತಿದ್ದೆ. ಬಿಸಿಲಿತ್ತು, ಪಿಚ್ಚಿನ ಒಂದು ತುದಿಯಲ್ಲಿ ಮಾತ್ರ ಇನ್ನೂ ತೇವ. ಚೆಂಡು ಆ ತೇವದಲ್ಲಿ ಬಿದ್ದು ಏಳಬಾರದಷ್ಟು ಎದ್ದಿತು. ಅವಳು ಮುಖ ತಿರುಗಿಸಿದಳು. ಎಡಗಿವಿಯ ಮೇಲೆ ಬಡಿಯಿತು. ಸದ್ದು ದೊಡ್ಡದಲ್ಲ, ಕಾಫಿ ಒಣಗಿಸುವ ಕಣದಲ್ಲಿ ಹಲಗೆ ಬಿದ್ದರೆ ಬರುವಂಥದು. ಅವಳು ಬೀಳಲಿಲ್ಲ. ಮೊದಲು ಮಂಡಿ ಊರಿದಳು. ಬ್ಯಾಟನ್ನು ಪಕ್ಕದಲ್ಲಿ ನೀಟಾಗಿ ಇಟ್ಟಳು. ಆಮೇಲೆ ಮಲಗಿದಳು. ನಾನು ಮೆಟ್ಟಿಲು ಇಳಿದದ್ದು ನನಗೆ ನೆನಪಿಲ್ಲ. ಒಂದು ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತೆಂದು ಆಮೇಲೆ ಯಾರೋ ತಂದುಕೊಟ್ಟರು.

ತಲೆಗೆ ಏನೂ ಆಗಿರಲಿಲ್ಲ. ಸ್ಕ್ಯಾನ್ ಮಾಡಿ ನೋಡಿ ಡಾಕ್ಟರು ಮೂರು ವಾರ ವಿಶ್ರಾಂತಿ ಹೇಳಿದರು. ಹೆಲ್ಮೆಟ್ಟಿಗೆ ಎಡಗಿವಿಯ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಅಷ್ಟೇ. ಮಗಳು ನಾಲ್ಕನೇ ದಿನಕ್ಕೆ ನಗುತ್ತಿದ್ದಳು. ಇಂದಿಗೂ ಕುಕ್ಕರ್ ಕೂಗಿದರೆ ಬೆಚ್ಚುವವಳು ನಾನು. ಮತ್ತೆ ಕರೆ ಬಂದಿದೆ, ಶಿಬಿರವಿದೆ ಎಂದು ಅವಳು ಕಾಗದ ತಂದುಕೊಟ್ಟಾಗ, ಅದನ್ನು ಫ್ರಿಜ್ಜಿನ ಮೇಲಿಟ್ಟು ಅನ್ನಕ್ಕೆ ಇಟ್ಟೆ. ಅವಳು ಬಾಗಿಲಲ್ಲಿ ನಿಂತು, ‘ಅವ್ವಾ, ಬೇಡ ಅಂತಾದ್ರೆ ಬೇಡ ಅಂತ ಹೇಳು. ಫ್ರಿಜ್ಜಿನ ಮೇಲೆ ಇಡ್ಬೇಡ’ ಎಂದಳು. ನಾನು ಒಲೆಯ ಉರಿ ಸಣ್ಣ ಮಾಡಿದೆ.

ಆ ವಾರವೇ ಭಾವ ಒಡೆದ ಹೆಲ್ಮೆಟ್ಟನ್ನು ಅಂಗಡಿಗೆ ತರಿಸಿಕೊಂಡರು. ಬುಧವಾರ ನಾನು ಊಟದ ಡಬ್ಬಿ ಕೊಡಲು ಹೋದಾಗ ಮಗಳೂ ಜೊತೆಗಿದ್ದಳು. ಮೆಷಿನ್ನಿನ ಮೇಲೆ ಲಿಂಬೆಹಣ್ಣಿನಷ್ಟು ಹೊಸದೊಂದು ಇತ್ತು, ನೀಲಿ, ಮಗಳ ತಂಡದ್ದು. ಎಡಗಿವಿಯ ಮೇಲೆ ಕಾಯಿಸಿದ ಸೂಜಿಯಿಂದ ಎಳೆದ ಕೂದಲೆಳೆಯಷ್ಟು ಬಿರುಕು. ಅದೇ ಜಾಗ, ಅದೇ ಓರೆ.

ಕೆಲವು ಸಂಗತಿಗಳನ್ನು ಆಟಿಕೆ ಮಾಡಬಾರದು, ನಿನ್ನ ದೊಡ್ಡಪ್ಪನಿಗೆ ಹೇಳು, ಅದನ್ನು ಎಸೆಯಲಿ ಎಂದು ಮಗಳಿಗೆ ಹೇಳಿದೆ. ದನಿ ಸ್ವಲ್ಪ ಏರಿತ್ತು. ಇಸ್ತ್ರಿ ಬಟ್ಟೆಗೆ ಕಾಯುತ್ತಿದ್ದವರು ರಸ್ತೆಯ ಕಡೆ ನೋಡತೊಡಗಿದರು.

ಭಾವ ಕಾಲು ನಿಲ್ಲಿಸಿದರು. ಮೆಷಿನ್ನಿನ ಚಕ್ರ ನಿಂತಿತು.

‘ಒಡೆದದ್ದು ಇದು’ ಎಂದರು ಮೆಷಿನ್ನಿಗೆ. ಪುಟ್ಟ ಹೆಲ್ಮೆಟ್ಟನ್ನು ಬೆರಳಿಂದ ಮುಟ್ಟಿದರು. ‘ತಲೆ ಅಲ್ಲ. ಅದನ್ನ ಮರೀಬಾರ್ದು ಅಂತ.’

ನಾನು ಡಬ್ಬಿ ಇಟ್ಟು ಬಂದುಬಿಟ್ಟೆ.

ಮನೆಗೆ ಬಂದವಳು ಮುಂದಿನ ಕೋಣೆಗೆ ಹೋಗಿ ಪಟ್ಟಿಯನ್ನು ತೆಗೆದೆ. ಯಾಕೆ ತೆಗೆದೆ? ತಪ್ಪು ಹುಡುಕುವುದಕ್ಕೆ, ಇನ್ನೇಕೆ. ಮನುಷ್ಯನ ಹುಚ್ಚು ಎಷ್ಟು ದೂರ ಹೋಗಿದೆ ನೋಡೋಣವೆಂದು. ನನಗೆ ಮಲಯಾಳದ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ. ಒಂದೊಂದು ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು ಓದಬೇಕು. ನೋಡಿದರೆ ಪರರ ಬರಹ, ಕಿವಿಗೆ ಬಿದ್ದ ಮೇಲೆ ನಮ್ಮ ಮನೆಯ ಮಾತು. ಮಧ್ಯಾಹ್ನವೆಲ್ಲ ಹಿಡಿಯಿತು.

ಮಗಳ ಆಟಗಳಿಗೇ ಮೂರು ಹಾಳೆ ಮೀಸಲು. ಇಪ್ಪತ್ಮೂರು ಪಂದ್ಯ, ಇಪ್ಪತ್ಮೂರು ಪುಟ್ಟ ಹೆಲ್ಮೆಟ್ಟು. ಮೈದಾನದ ಹೆಸರಿತ್ತು, ಎದುರು ತಂಡದ ಹೆಸರಿತ್ತು. ರನ್ನು ಎಷ್ಟು ಎಂದು ಹುಡುಕಿದೆ, ಎಲ್ಲಿಯೂ ಇಲ್ಲ. ಗೆದ್ದದ್ದು ಸೋತದ್ದೂ ಇಲ್ಲ. ಕೊನೆಯಲ್ಲಿ ಎರಡೇ ಮಾತು, ಇಪ್ಪತ್ಮೂರು ಸಲವೂ ಒಂದೇ: ತ, ಲೆ. ಸು, ಖ. ತಲೆ ಸುಖ. ಕಲ್ಪೆಟ್ಟದ ಆ ದಿನದ ಎದುರಿಗೂ ಹಾಗೇ ಇತ್ತು: ತಲೆ ಸುಖ. ಅದರ ಕೆಳಗೆ ಸಣ್ಣದಾಗಿ, ಹೆಲ್ಮೆಟ್ಟಿಗೆ ಗಾಯ.

ಭಾವ ಒಂದು ಪಂದ್ಯಕ್ಕೂ ಬಂದವರಲ್ಲ. ಇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಮಗಳನ್ನು ಕೇಳಿದೆ. ಅದಕ್ಕೇನು ಎಂದಳು. ಆಟ ಮುಗಿಸಿ ಬಸ್ಸಿಳಿದಾಗಲೆಲ್ಲ ದೊಡ್ಡಪ್ಪ ಜಂಕ್ಷನ್ನಿನಲ್ಲಿ ನಿಂತಿರುತ್ತಾರಂತೆ. ಏನೂ ಕೇಳುವುದಿಲ್ಲವಂತೆ. ತಲೆಯನ್ನೊಮ್ಮೆ ನೋಡಿ, ‘ಶರಿ, ಮೋಳೆ’, ಸರಿ ಮಗಳೇ, ಎಂದು ಅಂಗಡಿಗೆ ವಾಪಸಾಗುತ್ತಾರಂತೆ. ಅಲ್ಲಿ ಕಂಡಾಗಲೆಲ್ಲ ನಾನು ಅವರನ್ನು ದಾರ ತರಲು ಬಂದವರೆಂದು ತಿಳಿದಿದ್ದೆ.

ಹೆದರುವವಳು ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ಹೆದರಿಕೆಯನ್ನು ಇಟ್ಟುಕೊಂಡೂ ಅವಳನ್ನು ಬಸ್ಸು ಹತ್ತಿಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಹೆದರಿಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಫ್ರಿಜ್ಜಿನ ಮೇಲಿನ ಕಾಗದ ತೆಗೆದು, ಸೆರಗಿನಿಂದ ಧೂಳು ಒರೆಸಿ, ಸಹಿ ಹಾಕಿದೆ. ಕಾಗದವೆಲ್ಲ ಮಲಯಾಳ, ಸಹಿ ಕನ್ನಡದಲ್ಲಿ. ಸ್ವಲ್ಪ ಸೊಟ್ಟಗಾಯಿತು.

ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಕಾಗದವನ್ನು ಮೆಷಿನ್ನಿನ ಮೇಲೆ ಇಡು ಎಂದೆ ಅವಳಿಗೆ. ಭಾವ ಮೇಲಿನಿಂದ ಕೆಳಗಿನವರೆಗೆ ಓದಿದರು, ಮಡಿಸಿದರು, ಅವಳ ಚೀಲದಲ್ಲಿ ಅವರೇ ಇಟ್ಟರು. ಆಡಲು ಹೋಗಲಿ, ಆದರೆ ನನಗೆ ಮೆಟ್ಟಿಲ ಮೇಲೆ ಕೂತು ನೋಡುವ ಶಕ್ತಿ ಇಲ್ಲ, ನಿನ್ನ ದೊಡ್ಡಪ್ಪನಿಗೆ ಹೇಳು ಎಂದೆ. ಹೇಳುವಾಗ ಅಳು ಬಂತು. ಅಂಗಡಿಯ ತುಂಬ ಪರರ ಬಟ್ಟೆ. ಒರೆಸಿಕೊಳ್ಳಲು ನನ್ನ ಸೆರಗೇ ಸಿಗಲಿಲ್ಲ.

ಭಾವ ಕೊರಳಲ್ಲಿದ್ದ ಟೇಪನ್ನು ತೆಗೆದು ಮಗಳ ಕೈಗೆ ಕೊಟ್ಟರು.

‘ಅವ್ವನ ತಲೆ ಅಳತೆ ತಗೊ, ಮೋಳೆ’ ಎಂದರು. ‘ಆಡೋರಿಗಿಂತ ಕೂತು ನೋಡೋರಿಗೆ ಏಟು ಜಾಸ್ತಿ.’

ಲಿಂಬೆಹಣ್ಣಿನಷ್ಟು ಹೆಲ್ಮೆಟ್ಟಿಗೆ ತಲೆಯ ಅಳತೆ ಯಾಕೆ ಬೇಕು? ನಾನು ಸ್ಟೂಲಿನ ಮೇಲೆ ಕೂತೆ. ಮಗಳು ನನ್ನ ಹಿಂದೆ ಬಂದು ನಿಂತಳು. ಹಣೆಯ ಮೇಲಿಂದ, ಕಿವಿಗಳ ಮೇಲಿಂದ, ಕೂದಲ ಗಂಟಿನ ಕೆಳಗಿನಿಂದ ತಂದು ಟೇಪಿನ ತುದಿ ಸೇರಿಸಿದಳು. ಬ್ಯಾಟು ಹಿಡಿದು ಒರಟಾದ ಬೆರಳುಗಳು. ಇಪ್ಪತ್ತೊಂದೂವರೆ ಇಂಚು ಎಂದಳು. ಭಾವ ಪೆನ್ಸಿಲ್ಲು ತೆಗೆದು ಬರೆದುಕೊಂಡು, ಇನ್ನೊಂದು ಸಲ ನೋಡು, ಅವ್ವ ಅಲ್ಲಾಡಿದಳು ಎಂದರು. ನಾನು ಅಲ್ಲಾಡದೆ ಕೂತೆ.